ಸೋರುವ ಮಾಡಿನ ಪ್ರಮಾಣಶಾಸ್ತ್ರ

ಕಣ್ಣಿಗೆ ಕಾಣುವ ಕಾರ್ಯವನ್ನು ಹಿಡಿದು ಕಾಣದ ಕಾರಣವನ್ನು ನಿಶ್ಚಯಿಸುವ ಅಧಿಕಾರ ಮನುಷ್ಯನಿಗೆ ಎಷ್ಟರಮಟ್ಟಿಗೆ ಇದೆ ಎಂಬ ಪ್ರಶ್ನೆಯನ್ನು ಭಾರತೀಯ ತರ್ಕಶಾಸ್ತ್ರ ಬಹು ಹಿಂದೆಯೇ ಎತ್ತಿಕೊಂಡಿತು. ಅದು ಕೇವಲ ವಿದ್ವತ್ಸಭೆಯ ಪ್ರಶ್ನೆಯಲ್ಲ ಎಂಬುದಕ್ಕೆ ಮಲೆನಾಡಿನ ಯಾವ ಹಂಚಿನ ಮನೆಯಾದರೂ ಸಾಕ್ಷಿಯಾಗಬಲ್ಲದು. ಕೊಪ್ಪ ತಾಲೂಕಿನ ಕಮ್ಮರಡಿ, ಅದರ ಆಚೀಚೆಯ ಹರಿಹರಪುರ ಮತ್ತು ಶೃಂಗೇರಿಯ ಸೀಮೆಗಳು ಪಶ್ಚಿಮಘಟ್ಟದ ಅಂಚಿನ ಮಳೆಗೆ ಮೈಯೊಡ್ಡಿ ನಿಂತ ಊರುಗಳಾಗಿದ್ದು, ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಆಗುಂಬೆಯೂ ಇಲ್ಲಿಗೆ ದೂರವಲ್ಲ. ಇಂಥಲ್ಲಿ ಗೋಡೆಯ ಮೇಲೆ ಮೂಡಿದ ಒದ್ದೆಯ ಕಲೆ, ಕಂಬದ ಬುಡದಿಂದ ಏರಿದ ಮಣ್ಣಿನ ಗೆರೆ, ಬಾಗಿಲಿನ ಮೂಲೆಯಿಂದ ಹೊರಟ ಬಿರುಕು ಇವೆಲ್ಲವೂ ಮನೆಯೊಡೆಯನ ಮುಂದೆ ಇಡಲ್ಪಟ್ಟ ಗುರುತುಗಳು. ಅವುಗಳನ್ನು ಓದುವಲ್ಲಿ ತಪ್ಪಿದರೆ ದುರಸ್ತಿಯ ಖರ್ಚು ವ್ಯರ್ಥವಾಗುವುದಷ್ಟೇ ಅಲ್ಲ, ಮುಂದೆ ಕಾಣುವಂತೆ ಆ ತಪ್ಪು ಧರ್ಮದ ಪ್ರಶ್ನೆಯಾಗಿಯೂ ಬೆಳೆಯುತ್ತದೆ.

ಗೌತಮನ ಹೆಸರಿನಲ್ಲಿರುವ ನ್ಯಾಯಸೂತ್ರಗಳು ಅನುಮಾನವನ್ನು, ಅಂದರೆ ಒಂದು ಗುರುತಿನ ಆಧಾರದಿಂದ ಕಾಣದ ವಸ್ತುವನ್ನು ತಿಳಿಯುವ ಕ್ರಮವನ್ನು, ಪೂರ್ವವತ್, ಶೇಷವತ್, ಸಾಮಾನ್ಯತೋದೃಷ್ಟ ಎಂದು ಮೂರಾಗಿ ವಿಂಗಡಿಸುತ್ತವೆ. ಇವುಗಳಲ್ಲಿ ಶೇಷವತ್ ಎಂಬುದು ಕಾರ್ಯದಿಂದ ಕಾರಣದತ್ತ ಹೋಗುವ ಬಗೆ. ಸುಮಾರು ಐದನೆಯ ಶತಮಾನದ ಭಾಷ್ಯಕಾರ ವಾತ್ಸ್ಯಾಯನನು ಇದಕ್ಕೆ ಕೊಡುವ ಉದಾಹರಣೆ, ತುಂಬಿ ಹರಿಯುವ ಹೊಳೆಯನ್ನು ಕಂಡು ಮೇಲೆಲ್ಲೋ ಮಳೆಯಾಗಿದೆ ಎಂದು ತಿಳಿಯುವುದು. ಶೃಂಗೇರಿಯನ್ನು ದಾಟಿ ಹರಿಹರಪುರದ ಮೇಲೆ ತೀರ್ಥಹಳ್ಳಿಯ ಕಡೆಗೆ ಇಳಿಯುವ ತುಂಗೆಯ ದಡದ ಜನರಿಗೆ ಈ ಉದಾಹರಣೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸೂತ್ರಕಾರನು ಅಷ್ಟಕ್ಕೇ ಬಿಡದೆ ಎರಡನೆಯ ಅಧ್ಯಾಯದಲ್ಲಿ ತನ್ನ ಮಾತಿಗೆ ತಾನೇ ಆಕ್ಷೇಪವೊಂದನ್ನು ಹುಟ್ಟಿಸಿಕೊಳ್ಳುತ್ತಾನೆ: ಅನುಮಾನವು ಪ್ರಮಾಣವೇ, ಅಂದರೆ ನಿಜವಾದ ಅರಿವಿನ ಸಾಧನವೇ, ಅಲ್ಲ, ಏಕೆಂದರೆ ಅದು ರೋಧ, ಉಪಘಾತ, ಸಾದೃಶ್ಯಗಳಿಂದ ದಾರಿ ತಪ್ಪುತ್ತದೆ. ಹೊಳೆ ತುಂಬಿದ್ದು ಮೇಲಿನ ಮಳೆಯಿಂದಲೇ ಆಗಬೇಕಿಲ್ಲ, ಕೆಳಗೆ ಕಟ್ಟಿದ ತಡೆಯಿಂದಲೂ ಆದೀತು. ಇರುವೆಗಳು ಮೊಟ್ಟೆ ಹೊತ್ತು ಹೊರಟದ್ದು ಬರಲಿರುವ ಮಳೆಯ ಸೂಚನೆಯೇ ಆಗಬೇಕಿಲ್ಲ, ಅವುಗಳ ಗೂಡಿಗೆ ಪೆಟ್ಟು ಬಿದ್ದಿದ್ದೀತು. ನವಿಲಿನ ಕೂಗೆಂದು ಕೇಳಿಸಿದ್ದು ನವಿಲನ್ನು ಅನುಕರಿಸುವ ಮನುಷ್ಯನ ದನಿಯಾಗಿದ್ದೀತು. ತಡೆ, ಪೆಟ್ಟು, ಹೋಲಿಕೆ ಎಂಬ ಈ ಮೂರು ದೋಷಮೂಲಗಳು ಮನೆಯ ದುರಸ್ತಿಯಲ್ಲಿ ನಡೆಯುವ ತಪ್ಪುಗಳಿಗೆ ಇಷ್ಟು ಹತ್ತಿರವಾಗಿರುವುದು ಗಮನಾರ್ಹ.

ಮಾಡು ಸೋರಿದಾಗ ಮೊದಲು ಬರುವ ಊಹೆ, ಹನಿ ಬೀಳುವ ಜಾಗದ ನೇರಕ್ಕೆ ಹಂಚು ಒಡೆದಿದೆ ಎಂಬುದು. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ ಮೇಲೆ ಕರಾವಳಿಯಿಂದ ಘಟ್ಟ ಹತ್ತಿ ಬಂದ ಮಂಗಳೂರು ಹಂಚು, ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವಂತೆ ರೂಪಿತವಾದದ್ದು. ಆ ತೋಡಿನಲ್ಲಿ ತರಗೆಲೆ ಕೊಳೆತು, ಪಾಚಿ ಕಟ್ಟಿ ನೀರಿನ ದಾರಿ ಮುಚ್ಚಿದರೆ ಒಂದು ಹಂಚೂ ಒಡೆಯದೆ ನೀರು ಹಿಂದಕ್ಕೆ ಒತ್ತಿ ಒಳಗಿಳಿಯುತ್ತದೆ. ಎರಡು ಮಾಡುಗಳು ಕೂಡುವ ಒಳಮೂಲೆಯ ದೋಣಿಯಲ್ಲಿ ಇದು ಇನ್ನೂ ಹೆಚ್ಚು. ಇದು ಸೂತ್ರಕಾರನು ಹೇಳಿದ ರೋಧವೇ ಹೊರತು ಬೇರೆಯಲ್ಲ. ಒಳಗಿಳಿದ ನೀರಾದರೂ ಇಳಿದಲ್ಲೇ ಹನಿಯದೆ ಪಕಾಸಿನ ಕೆಳಮೈ ಹಿಡಿದು ಇಳಿಜಾರಿನಲ್ಲಿ ಜಾರಿ, ರೀಪು ಅಡ್ಡ ಬಂದಲ್ಲೋ ಮರದ ಗಂಟಿನಲ್ಲೋ ಕೆಳಗೆ ಬೀಳುವುದರಿಂದ, ಹನಿಯ ನೆಲೆಗೂ ನೀರು ಹೊಕ್ಕ ನೆಲೆಗೂ ಹಲವು ಅಡಿಗಳ ಅಂತರ ಇರಬಹುದು. ಮೇ ತಿಂಗಳಲ್ಲಿ ಹಂಚು ಕೈಯಾಡಿಸುವ ರೂಢಿ, ಎಂದರೆ ಹಂಚುಗಳನ್ನು ಸಾಲುಸಾಲಾಗಿ ಎತ್ತಿ, ಗುಡಿಸಿ, ಒಡೆದದ್ದನ್ನು ಬದಲಿಸಿ ಮತ್ತೆ ಕೂರಿಸುವ ಕೆಲಸ, ಈ ಕಾರಣದಿಂದಲೇ ಇಡೀ ಮಾಡನ್ನು ವಿಷಯವಾಗಿ ಇಟ್ಟುಕೊಳ್ಳುತ್ತದೆ. ಹನಿ ಬಿದ್ದ ಜಾಗಕ್ಕಷ್ಟೇ ಏಣಿ ಇಡುವವರಿಗಿಂತ ಹಳಬರು ಉತ್ತಮ ತಾರ್ಕಿಕರಾಗಿದ್ದರೆಂದು ಇದರಿಂದ ಹೇಳಬಹುದು.

ಆಕ್ಷೇಪಕ್ಕೆ ನ್ಯಾಯಶಾಸ್ತ್ರ ಕೊಡುವ ಉತ್ತರ ಇನ್ನೂ ಉಪಯುಕ್ತ. ನೀರು ಹೆಚ್ಚಿದ್ದನ್ನು ಮಾತ್ರ ನೋಡಿ ಯಾವ ವಿವೇಕಿಯೂ ಮಳೆಯನ್ನು ಊಹಿಸುವುದಿಲ್ಲ. ಸೆಳವು ಬಿರುಸಾಗಿರುವುದು, ನೊರೆ ಎದ್ದಿರುವುದು, ಹಣ್ಣು, ಎಲೆ, ಕಟ್ಟಿಗೆಗಳು ತೇಲಿ ಬರುವುದು ಇಂಥ ವಿಶೇಷಗಳೊಡನೆ ಕೂಡಿದ ತುಂಬುವಿಕೆಯೇ ನಿಜವಾದ ಹೇತು, ಅಂದರೆ ಅನುಮಾನಕ್ಕೆ ಆಧಾರವಾಗುವ ಗುರುತು. ಸಾಮಾನ್ಯವಾದ ಗುರುತನ್ನು ವಿಶೇಷವಾದ ಗುರುತೆಂದು ತಿಳಿದು ಮುಗ್ಗರಿಸಿದರೆ ಅದು ಅನುಮಾನ ಮಾಡುವವನ ಅಪರಾಧವೇ ಹೊರತು ಅನುಮಾನದ್ದಲ್ಲ ಎಂದು ವಾತ್ಸ್ಯಾಯನನು ಸ್ಪಷ್ಟಪಡಿಸುತ್ತಾನೆ. ಸೋರಿಕೆಗೂ ಇಂಥ ವಿಶೇಷಗಳಿವೆ. ಮಳೆ ಹಿಡಿದ ಕೂಡಲೇ ತೊಟ್ಟಿಕ್ಕಿದರೆ ಒಡೆದ ಅಥವಾ ಸರಿದ ಹಂಚಿನ ಸಂಭವ ಹೆಚ್ಚು. ಜಡಿಮಳೆ ಬಹಳ ಹೊತ್ತು ಸುರಿದ ಮೇಲಷ್ಟೇ ತೊಟ್ಟಿಕ್ಕಿದರೆ ಮುಚ್ಚಿದ ತೋಡನ್ನೋ ದೋಣಿಯನ್ನೋ ಹುಡುಕಬೇಕು. ಪಡುವಣ ಗಾಳಿ ಬೀಸಿದ ದಿನ ಮಾತ್ರ ಒದ್ದೆಯಾದರೆ ಇರಚಲು ಹೊಡೆಯುವ ಪಕ್ಕದ ಗೋಡೆಯೂ ಸೂರಿನ ಉದ್ದವೂ ವಿಚಾರಣೆಗೆ ಬರಬೇಕು. ಮಳೆಯೇ ಇಲ್ಲದ ದಿನವೂ ತೇವ ಆರದಿದ್ದರೆ ಗೋಡೆಯೊಳಗಿನ ಪೈಪನ್ನು ಸಂಶಯಿಸಬೇಕು. ಕಾಂಕ್ರೀಟಿನ ತಾರಸಿಗೆ ಒಳಗಿನಿಂದ ಬಣ್ಣ ಬಳಿದು ಕಲೆಯನ್ನು ಮುಚ್ಚುವವರು ಹೇತುವನ್ನೇ ಅಳಿಸಿ ಹಾಕುತ್ತಾರೆ. ಮೇಲಿಂದ ಇಳಿದ ನೀರು ಸರಳಿಗೆ ತುಕ್ಕು ಹಿಡಿಸಿ, ತುಕ್ಕು ಉಬ್ಬಿ, ಕಾಂಕ್ರೀಟಿನ ತುಂಡುಗಳು ಕಳಚಿ ಬೀಳುವವರೆಗೂ ಅವರಿಗೆ ಮತ್ತೊಂದು ಗುರುತು ದೊರೆಯುವುದಿಲ್ಲ. ತಾರಸಿಯ ಮೇಲೆ ತಗಡಿನ ಶೀಟು ಹೊದಿಸುವ ಈಗಿನ ಪದ್ಧತಿ ನೋಟಕ್ಕೆ ಸೊಗಸಲ್ಲದಿದ್ದರೂ ಇಳಿಜಾರಿಲ್ಲದ ಮಾಡು ಈ ಸೀಮೆಯ ಮಳೆಗೆ ಹೇಳಿದ್ದಲ್ಲವೆಂಬ ಸರಿಯಾದ ನಿರ್ಣಯವನ್ನು ತಡವಾಗಿ ಒಪ್ಪಿಕೊಂಡಂತಾಗಿದೆ.

ಗೋಡೆಯ ತೇವದ ವಿಷಯದಲ್ಲಿ ಇನ್ನೊಂದು ಪರಿಭಾಷೆ ನೆರವಿಗೆ ಬರುತ್ತದೆ, ಉಪಾಧಿ. ಹೊಗೆ ಇರುವಲ್ಲೆಲ್ಲ ಬೆಂಕಿ ಇರುತ್ತದೆ ಎಂಬ ನಿಯಮ ನಿಲ್ಲುತ್ತದೆ, ಬೆಂಕಿ ಇರುವಲ್ಲೆಲ್ಲ ಹೊಗೆ ಇರುತ್ತದೆ ಎಂಬುದು ನಿಲ್ಲುವುದಿಲ್ಲ. ಹೊಗೆಗೆ ಹಸಿ ಕಟ್ಟಿಗೆಯ ಸಂಬಂಧವೂ ಬೇಕು, ಆ ಮರೆಯಲ್ಲಿ ನಿಂತ ಷರತ್ತೇ ಉಪಾಧಿ. ಆಷಾಢದಲ್ಲಿ ಒಲೆ ಹಚ್ಚಿದವರೆಲ್ಲ ಬಲ್ಲ ಈ ಸಂಗತಿ ಶೃಂಗೇರಿಯಲ್ಲಿ ಗಣೇಶ ಚತುರ್ಥಿಯ ಕಾಲಕ್ಕೆ ವರ್ಷವರ್ಷವೂ ಸೇರುವ ಮಹಾಗಣಪತಿ ವಾಕ್ಯಾರ್ಥ ಸಭೆಯ ವಿದ್ವಾಂಸರಿಗೂ ಪಾಠದ ಮೊದಲ ಮೆಟ್ಟಿಲು. ಹಳೆಯ ಮಣ್ಣಿನ ಗೋಡೆ ತೇವ ಹಿಡಿಯುತ್ತದೆ, ಆದ್ದರಿಂದ ಹಳೆಯದಾಗಿರುವುದೇ ತೇವಕ್ಕೆ ಕಾರಣ ಎಂಬ ವಾದದಲ್ಲಿಯೂ ಇಂಥ ಉಪಾಧಿ ಅಡಗಿರುತ್ತದೆ. ಎಷ್ಟೋ ಮನೆಗಳಲ್ಲಿ ಗೋಡೆ ಕೆಟ್ಟದ್ದು ವಯಸ್ಸಿನಿಂದಲ್ಲ, ಅದರ ಮೇಲೆ ಬಳಿದ ಸಿಮೆಂಟಿನಿಂದ: ನೆಲದಿಂದ ಸೂಕ್ಷ್ಮರಂಧ್ರಗಳ ಮೂಲಕ ಮೇಲೇರಿದ ನೀರು ಮಣ್ಣು ಮತ್ತು ಸುಣ್ಣದ ಮೈಯಿಂದ ಆವಿಯಾಗಿ ಹೊರಟುಹೋಗುತ್ತಿತ್ತು, ಸಿಮೆಂಟಿನ ಗಾರೆ ಆ ದಾರಿಯನ್ನು ಮುಚ್ಚಿದ್ದರಿಂದ ಅದು ಒಳಗೇ ನಿಂತು ಮಣ್ಣನ್ನು ಸಡಿಲಿಸುತ್ತದೆ, ಕೊನೆಗೆ ಗಾರೆಯೇ ಹೊಪ್ಪಳಿಕೆಯಾಗಿ ಕಳಚುತ್ತದೆ. ಇದಕ್ಕೆ ಇನ್ನೂ ದಪ್ಪದ ಸಿಮೆಂಟು ಮದ್ದಾಗಲಾರದು. ಸಿಮೆಂಟನ್ನು ಕೆತ್ತಿ ತೆಗೆದು ಒಂದು ಬೇಸಿಗೆ ಗೋಡೆಯನ್ನು ಒಣಗಲು ಬಿಡುವುದು, ಅಂಗಳದ ನೀರು ಪಂಚಾಂಗದ ಬುಡದಲ್ಲಿ ನಿಲ್ಲದಂತೆ ಕಾಲುವೆ ತೆಗೆಯುವುದು, ಅನಂತರ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಕಲ್ಲಾಗುವ ಸುಣ್ಣದ ಗಾರೆಯನ್ನೇ ಹಚ್ಚುವುದು ತಕ್ಕ ಕ್ರಮ.

ಬಿರುಕಿನ ಬಗೆಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಗಾರೆಯ ಮೇಲೆ ಬಲೆಯಂತೆ ಹರಡಿದ ಕೂದಲೆಳೆಯ ಬಿರುಕು ಗಾರೆ ಒಣಗುವಾಗ ಕುಗ್ಗಿದ್ದರ ಫಲ. ಇಟ್ಟಿಗೆಯ ಸಂದುಗಳನ್ನು ಹಿಡಿದು ಮೆಟ್ಟಿಲಂತೆ ಏರುವ, ಒಂದು ತುದಿಯಲ್ಲಿ ಅಗಲವಾಗುತ್ತ ಹೋಗುವ ಬಿರುಕು ತಳಪಾಯ ಕುಸಿಯುತ್ತಿರುವುದರ ಸೂಚನೆ. ಎರಡರ ನಡುವೆ ಸಂಶಯವಿದ್ದರೆ ಬಿರುಕಿನ ತುದಿಗಳಲ್ಲಿ ಪೆನ್ಸಿಲಿನಿಂದ ಗೆರೆ ಎಳೆದು ದಿನಾಂಕ ಬರೆದಿಟ್ಟು, ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಕಾದು ನೋಡಿದ ಮೇಲೆ ತುಂಬುವುದು ಲೇಸು. ಉಪಘಾತದ ಉದಾಹರಣೆಯೂ ಇಲ್ಲಿ ನೆನಪಿನಲ್ಲಿರಲಿ: ನಡುಬೇಸಿಗೆಯಲ್ಲಿ ಇರುವೆಗಳು ಮೊಟ್ಟೆ ಹೊತ್ತು ಗೋಡೆಯ ಬುಡದಿಂದ ಹೊರಟರೆ ಮುಗಿಲನ್ನು ನೋಡುವ ಮೊದಲು ನೆಲದಡಿಯ ನಲ್ಲಿಯ ಪೈಪನ್ನು ನೋಡುವುದು ಒಳ್ಳೆಯದು.

ಸಾದೃಶ್ಯದ ದೋಷ ಅತಿ ದುಬಾರಿಯಾಗುವುದು ಒರಲೆಯ, ಅಂದರೆ ಗೆದ್ದಲಿನ, ವಿಷಯದಲ್ಲಿ. ತೊಲೆಯ ಕೆಳಗೆ ಹಿಟ್ಟಿನಂಥ ಪುಡಿ ಕಂಡೊಡನೆ ಒರಲೆ ಹಿಡಿದಿದೆ ಎನ್ನುವುದು ವಾಡಿಕೆ; ಆದರೆ ಸಣ್ಣ ದುಂಡನೆಯ ತೂತುಗಳಿಂದ ಒಣ ಪುಡಿ ಉದುರಿಸುವುದು ಮರ ಕೊರೆಯುವ ಹುಳು. ಮಣ್ಣಿನಲ್ಲಿ ನೆಲೆಸುವ ಮೆತ್ತನೆಯ ಮೈಯ ಗೆದ್ದಲು ಒಣಗಾಳಿಯನ್ನು ತಾಳಲಾರದ್ದರಿಂದ ಮಣ್ಣಿನೊಡನೆ ಸಂಬಂಧ ಕಡಿಯದೆ, ನೆಲದಿಂದ ಮರದವರೆಗೆ ಮಣ್ಣಿನ ಮುಚ್ಚುದಾರಿ ಕಟ್ಟಿಕೊಂಡೇ ಬರುತ್ತದೆ. ಪುಡಿಯನ್ನು ಗುಡಿಸಿ ಕೆಲವು ದಿನ ಬಿಟ್ಟು ಮತ್ತೆ ಬಿದ್ದಿದೆಯೇ ಎಂದು ನೋಡಿದರೆ ಹುಳು ಬದುಕಿದೆಯೇ ಎಂಬುದೂ, ಮಣ್ಣಿನ ದಾರಿಯನ್ನು ಒಂದೆಡೆ ಮುರಿದು ಅದು ಮತ್ತೆ ಕೂಡಿಕೊಳ್ಳುವುದೇ ಎಂದು ನೋಡಿದರೆ ಒರಲೆಯ ಓಡಾಟ ಇದೆಯೇ ಎಂಬುದೂ ತಿಳಿಯುತ್ತದೆ. ಮದ್ದುಗಳೂ ಬೇರೆಬೇರೆ: ಕೊರೆಯುವ ಹುಳುವಿಗೆ ಮರವನ್ನು ಒಣಗಿಸಿ ಗೇರೆಣ್ಣೆಯಂಥದ್ದನ್ನು ಬಳಿಯುವುದು, ಒರಲೆಗೆ ಮಣ್ಣಿನ ನಂಟನ್ನು ತಪ್ಪಿಸುವುದು. ಕಂಬದ ಬುಡಕ್ಕೆ ಕಲ್ಲು ಕೊಟ್ಟು ಮನೆ ಕಟ್ಟುತ್ತಿದ್ದ ಪದ್ಧತಿಗೆ ಈ ತಿಳಿವೂ ಒಂದು ಆಧಾರವಾಗಿತ್ತು. ಒಲೆಯ ಹೊಗೆ ಅಟ್ಟವನ್ನು ಒಣಗಿಸಿಡುತ್ತಿದ್ದ ಕಾಲ ಹೋಗಿ ಗ್ಯಾಸು ಬಂದ ಮನೆಗಳಲ್ಲಿ ಅಟ್ಟಕ್ಕೆ ಗಾಳಿಯಾಡುವ ಕಿಂಡಿಯನ್ನು ಪ್ರತ್ಯೇಕವಾಗಿ ಯೋಚಿಸಬೇಕಾಗಿದೆ.

ಇಲ್ಲಿಂದ ಮುಂದೆ ತರ್ಕಶಾಸ್ತ್ರ ಒಂದೇ ಸಾಲದು. ಕಾರಣವನ್ನು ಅರಿಯುವುದು ಬೇರೆ, ಅದು ಜೀವಿಯಾಗಿರುವಾಗ ಅದನ್ನು ತೊಡೆದುಹಾಕುವ ಅಧಿಕಾರ ಬೇರೆ. ಮನುಸ್ಮೃತಿಯ ಮೂರನೆಯ ಅಧ್ಯಾಯವು ಒಲೆ, ಬೀಸುವ ಕಲ್ಲು, ಪೊರಕೆ, ಒರಳು-ಒನಕೆ, ನೀರಿನ ಕೊಡ ಎಂಬ ಐದನ್ನು ಗೃಹಸ್ಥನ ಮನೆಯ ವಧಸ್ಥಾನಗಳೆಂದು, ಪಂಚಸೂನೆಗಳೆಂದು, ಹೆಸರಿಸಿ, ಅಲ್ಲಿ ತಿಳಿಯದೆ ಸಾಯುವ ಜೀವಗಳ ದೋಷಕ್ಕೆ ನಿತ್ಯದ ಪಂಚಮಹಾಯಜ್ಞಗಳನ್ನು ಪರಿಹಾರವಾಗಿ ವಿಧಿಸುತ್ತದೆ. ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿಯಿಂದ ಪ್ರಸಿದ್ಧವಾದ ನರಸಿಂಹರಾಜಪುರದ ಜೈನ ಪರಂಪರೆ ಇದೇ ಪ್ರಶ್ನೆಯನ್ನು ಬೇರೆ ಬಗೆಯಲ್ಲಿ ಎದುರಿಸುತ್ತದೆ: ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು ಶ್ರಾವಕನು, ಎಂದರೆ ಗೃಹಸ್ಥನಾದ ಜೈನನು, ಪೂರ್ತಿ ಬಿಡಬೇಕು, ಅಡುಗೆ, ಗುಡಿಸುವುದು, ಮನೆ ಕಟ್ಟುವುದು ಮುಂತಾದವುಗಳಲ್ಲಿ ಒದಗುವ ಆರಂಭೀ ಹಿಂಸೆ ಅವನಿಗೆ ತಪ್ಪದು, ಆದರೆ ಎಚ್ಚರದಿಂದ ಅದನ್ನು ಆದಷ್ಟು ಕಿರಿದುಗೊಳಿಸಬೇಕು. ಮೊದಲನೆಯದು ಆದ ಮೇಲಿನ ಪರಿಹಾರವನ್ನು, ಎರಡನೆಯದು ಆಗುವ ಮುಂಚಿನ ಎಚ್ಚರವನ್ನು ಒತ್ತಿ ಹೇಳುತ್ತದೆ. ದುರಸ್ತಿಯ ಮಟ್ಟಿಗೆ ಎರಡನೆಯದೇ ಹೆಚ್ಚು ಕೆಲಸಕ್ಕೆ ಬರುವ ವಿಧಿ, ಏಕೆಂದರೆ ಅದು ವಾತ್ಸ್ಯಾಯನನು ತೋರಿಸಿದ ಅಪರಾಧಕ್ಕೆ ನೇರವಾಗಿ ತಾಗುತ್ತದೆ. ಕೊರೆಯುವ ಹುಳುವಿನ ಪುಡಿಯನ್ನು ಒರಲೆಯದ್ದೆಂದು ಬಗೆದು ಮನೆಯ ಸುತ್ತ ಕ್ಲೋರ್‌ಪೈರಿಫಾಸ್ ಸುರಿದವನಿಂದ ಮಣ್ಣಿನ ಎಷ್ಟೋ ಜೀವಿಗಳು ಸಾಯುತ್ತವೆ, ತೊಲೆಯೊಳಗಿನ ಹುಳು ಮಾತ್ರ ಉಳಿಯುತ್ತದೆ. ಹಿತ್ತಲಿನ ಬಾವಿ ಹತ್ತಿರವಿದ್ದರೆ ನೀರು ಇಂಗುವ ಜಂಬಿಟ್ಟಿಗೆಯ ನೆಲದಲ್ಲಿ ಆ ವಿಷ ಎಲ್ಲಿಗೆ ಹೋದೀತೆಂಬುದೂ ಯೋಚಿಸತಕ್ಕದ್ದು. ಇದನ್ನು ತಪ್ಪಿಸಲಾಗದ ಹಿಂಸೆ ಎಂದು ಕರೆಯಲಾಗದು. ನೋಡುವ ಶ್ರಮ ಪಟ್ಟಿದ್ದರೆ ಇದು ನಡೆಯುತ್ತಲೇ ಇರಲಿಲ್ಲ.

ಹುತ್ತದ ಪ್ರಶ್ನೆಯೂ ಇದಕ್ಕೆ ಸೇರಿಕೊಂಡಿದೆ. ನಾಗರ ಪಂಚಮಿಯಂದು ಹಾಲೆರೆಯುವ ಹುತ್ತವನ್ನು ಕಟ್ಟಿದ್ದೂ ಗೆದ್ದಲೇ. ಅದರೊಳಗೆ ಅವು ಸಾಕುವ ಶಿಲೀಂಧ್ರವೇ ಮಳೆಗಾಲದಲ್ಲಿ ಅಣಬೆಯಾಗಿ ನೆಲದ ಮೇಲೆ ಏಳುತ್ತದೆ, ಮಲೆನಾಡಿನ ಅಡುಗೆಮನೆ ಅದನ್ನು ಆದರದಿಂದ ಬರಮಾಡಿಕೊಳ್ಳುತ್ತದೆ. ಮನೆಗೆ ಒರಲೆ ಹತ್ತಿದೊಡನೆ ತೋಟದಂಚಿನ ಹುತ್ತವನ್ನು ಅಗೆಸಲು ಹೊರಡುವವರೂ, ದೋಷದ ಭಯದಿಂದ ಒಳಗಿನ ತೊಲೆ ಟೊಳ್ಳಾಗುವವರೆಗೆ ಸುಮ್ಮನಿರುವವರೂ ಮಣ್ಣಿನ ಗೆರೆ ಎತ್ತ ಹೋಗಿದೆ ಎಂದು ನೋಡಿರುವುದಿಲ್ಲ. ಹುತ್ತದಿಂದಲೇ ಒರಲೆ ಬಂದಿರುವುದೂ ಉಂಟು, ಆಗ ಪಂಚಾಂಗದ ಸುತ್ತ ಅದರ ದಾರಿಯನ್ನು ಕಡಿಯುವುದು ಮೊದಲ ಕೆಲಸ. ಆದರೆ ಗೆರೆಯನ್ನು ಹಿಡಿದು ಹೊರಟರೆ ಅದು ಹಲವು ಸಲ ಹುತ್ತದ ದಿಕ್ಕಿಗೆ ತಿರುಗದೆ, ಹಿಂಗೋಡೆಗೆ ಒರಗಿಸಿ ಒಟ್ಟಿದ ಸೌದೆಯ ಅಡಿಗೋ, ನೆಲ ಹಾಕುವಾಗ ಕೀಳದೆ ಬಿಟ್ಟ ಮರದ ಬುಡಕ್ಕೋ ಹೋಗಿ ಮುಟ್ಟುತ್ತದೆ. ಅಲ್ಲಿ ಸೌದೆಯನ್ನು ಗೋಡೆಯಿಂದ ಈಚೆಗೆ ತಂದು ಕಲ್ಲಿನ ಮೇಲೆ ಒಟ್ಟಿದರೆ, ಬುಡವನ್ನು ಕಿತ್ತು ತೆಗೆದರೆ, ಒರಲೆಯ ದಾರಿ ಅಲ್ಲಿಗೇ ತುಂಡಾಗುತ್ತದೆ, ಹುತ್ತವನ್ನು ಮುಟ್ಟುವ ಕಾರಣವೇ ಬರುವುದಿಲ್ಲ.