ಉಗ್ರಾಣದ ಬೀಗದಕೈ

ಈಗ ಮುಹೂರ್ತ ಇಡುವವರು ಜೋಯಿಸರೋ ಛತ್ರದ ಮ್ಯಾನೇಜರೋ ಎಂದು ಕೇಳಿದರೆ ಶಿವಮೊಗ್ಗದಲ್ಲಿ ಯಾರೂ ನಗುವುದಿಲ್ಲ. ಛತ್ರ ಯಾವತ್ತು ಖಾಲಿ ಇದೆ ಅಂತ ಮೊದಲು ವಿಚಾರಿಸಿ, ಆಮೇಲೆ ಆ ಎರಡು ಮೂರು ದಿನಗಳಲ್ಲಿ ಲಗ್ನ ಕೂಡುವುದು ಯಾವತ್ತು ಎಂದು ಜೋಯಿಸರ ಹತ್ತಿರ ಹೋಗುವುದು ರೂಢಿಯಾಗಿಬಿಟ್ಟಿದೆ. ದೆಹಲಿಯಲ್ಲಿ ಕೂತು ಊರಲ್ಲಿ ಮಗಳ ಮದುವೆ ಮಾಡಹೊರಟವರಿಗೆ ಇವೆರಡರ ಮೇಲೆ ಮೂರನೆಯದೊಂದು ಪಂಚಾಂಗವೂ ಉಂಟು, ರೈಲ್ವೆಯದು. ಮೊದಲಾದರೆ 120 ದಿನ ಮುಂಚೆ ಟಿಕೆಟ್ ಮಾಡಿಸಬಹುದಿತ್ತು. 2024ರ ನವೆಂಬರ್ 1ರಿಂದ ಅದು 60 ದಿನಕ್ಕೆ ಇಳಿದಿದೆ. ಛತ್ರಕ್ಕೆ ಮುಂಗಡ ಕೊಟ್ಟು ತಿಂಗಳುಗಟ್ಟಲೆ ಆಗಿರುತ್ತದೆ, ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಜಾಗ ಸಿಗುತ್ತೋ ಇಲ್ಲವೋ ಗೊತ್ತಾಗುವುದು ಮದುವೆಗೆ ಎರಡೇ ತಿಂಗಳು ಉಳಿದಾಗ. ಒಂದು ಟಿಕೆಟ್ಟಿನಲ್ಲಿ ಆರು ಜನಕ್ಕಿಂತ ಹೆಚ್ಚು ಸೇರಿಸುವಂತಿಲ್ಲ. ಇಪ್ಪತ್ತೆರಡು ಜನ ಹೊರಡುವುದಾದರೆ ಬೆಳಗ್ಗೆ ಎಂಟಕ್ಕೆ ನಾಲ್ಕು ಜನ ನಾಲ್ಕು ಮೊಬೈಲ್ ಹಿಡಿದು ಕೂರಬೇಕು.

ಇದರ ಜೊತೆಗೆ ಮಕ್ಕಳ ರಜೆ. ಕರ್ನಾಟಕದಲ್ಲಿ ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ, ದೆಹಲಿಯಲ್ಲಿ ಮೇ ಮಧ್ಯದಿಂದ ಜೂನ್ ಕೊನೆಯವರೆಗೆ. ಎರಡೂ ಕೂಡುವುದು ಮೇ ತಿಂಗಳ ಉತ್ತರಾರ್ಧದಲ್ಲಿ ಮಾತ್ರ. ಅದನ್ನು ಈ ಸಲ, 2026ರಲ್ಲಿ, ಅಧಿಕ ಜ್ಯೇಷ್ಠ ನುಂಗಿಹಾಕಿತು: ಮೇ 17ರಿಂದ ಜೂನ್ 15. ಅಧಿಕ ಮಾಸದಲ್ಲಿ ಮದುವೆ ಕೂಡದು. ಕೊನೆಗೆ ನಮ್ಮ ಮಗಳ ಮದುವೆ ಏಪ್ರಿಲ್ ಅಂತ್ಯಕ್ಕೆ ಎಂದು ನಿಶ್ಚಯವಾಯಿತು. ದೆಹಲಿಯ ಮಕ್ಕಳು ಖುಷಿಯಿಂದ ಶಾಲೆ ತಪ್ಪಿಸಿದವು.

ದೆಹಲಿಯಲ್ಲೇ ಮಾಡಬಹುದಿತ್ತಲ್ಲ ಎಂದು ತುಂಬ ಜನ ಕೇಳಿದರು. ಮಾಡಬಹುದಿತ್ತು. ಕರ್ನಾಟಕ ಸಂಘದ ಸಭಾಂಗಣವಿದೆ, ಕನ್ನಡ ಬಲ್ಲ ಪುರೋಹಿತರಿದ್ದಾರೆ, ಬಾಳೆಲೆ ಐಎನ್ಎ ಮಾರ್ಕೆಟ್ಟಿನಲ್ಲಿ ಸಿಗುತ್ತದೆ. ಆದರೆ ಕರೆಯಲೇಬೇಕಾದ ಐನೂರು ಜನರಲ್ಲಿ ದೆಹಲಿಯವರೆಗೆ ಬರುವವರು ಐವತ್ತೂ ಇಲ್ಲ. ಎಂಬತ್ತೈದು ದಾಟಿದ ನಮ್ಮತ್ತೆಯನ್ನು ಎರಡು ರಾತ್ರಿ ರೈಲಿನಲ್ಲಿ ಕೂರಿಸಿಕೊಂಡು ಸುಮಾರು 2,400 ಕಿಲೋಮೀಟರ್ ಕರೆತರುವ ಧೈರ್ಯ ಯಾರಿಗಿದೆ? ಈ ಗೋಜೆಲ್ಲ ನೋಡಿ ಬೇಸತ್ತ ಮಗಳು ಒಂದು ದಿನ, “ಅಮ್ಮ, ಕುಪ್ಪಳಿಗೆ ಹೋಗಿ ಮಂತ್ರಮಾಂಗಲ್ಯ ಮಾಡ್ಕೊಂಡು ಬಂದ್ಬಿಡೋಣ” ಅಂದಳು. ಕುವೆಂಪು 1966ರಲ್ಲಿ ತಮ್ಮ ಮಗ ತೇಜಸ್ವಿಯ ಮದುವೆಯನ್ನು ಹಾಗೆ ಮಾಡಿಸಿದಾಗ ಛತ್ರ, ವಾಲಗ, ವರೋಪಚಾರ ಎಲ್ಲವನ್ನೂ ಒಂದೇ ಏಟಿಗೆ ಆಚೆಗಿಟ್ಟಿದ್ದರು. ನನಗೆ ಮನಸ್ಸಿತ್ತು. ಬೀಗರು, “ನಮ್ಮನೇಲಿ ಇದು ಕೊನೇ ಮದುವೆ” ಎಂದಷ್ಟೇ ಹೇಳಿ ಸುಮ್ಮನಾದರು. ಆ ಮಾತಿಗೆ ಉತ್ತರ ಕೊಡುವುದು ಸುಲಭವಲ್ಲ.

ಶಿವಮೊಗ್ಗದಲ್ಲಿರುವ ನನ್ನ ತಮ್ಮ ಛತ್ರ ನೋಡಲು ಹೋದವನು ವಿಡಿಯೊ ಕಾಲ್ ಮಾಡಿದ. ನನಗೆ ಮಂಟಪ ನೋಡಬೇಕಿತ್ತು, ಮಗಳಿಗೆ ಫೋಟೋಕ್ಕೆ ಬೆಳಕು ಹೇಗಿದೆ ಎಂದು ನೋಡಬೇಕಿತ್ತು. ಅವನು ಕ್ಯಾಮೆರಾ ತಿರುಗಿಸಿದ್ದು ಅಡುಗೆಮನೆ ಹಿಂದಿನ ಮೋರಿಯ ಕಡೆಗೆ.

“ಅಕ್ಕ, ಅವ್ರು ಕಳಿಸಿರೋ ಫೋಟೋದಲ್ಲಿ ವಾಸನೆ ಬರಲ್ಲ. ನಾನು ಇಲ್ಲೇ ನಿಂತು ಹೇಳ್ತಿದೀನಿ, ಇದು ಬೇಡ.”

ಎರಡನೇ ಛತ್ರದಲ್ಲಿ ಸಂಪಿನ ಮುಚ್ಚಳ ಎತ್ತಿಸಿ ನೀರು ನೋಡಿದ. ಗಂಡಿನ ಕಡೆಯವರ ಕೋಣೆಗಳಲ್ಲಿ ಒಂದೊಂದೇ ನಲ್ಲಿ ತಿರುಗಿಸಿ ಬಿಸಿನೀರು ಬರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕಾದು ನಿಂತ. ಜನರೇಟರ್ ಹಾಕಿಸಿದ. ಊಟದ ಹಾಲಿಗೆ ಹೋಗಿ ಮೇಜುಗಳನ್ನು ಬೆರಳಲ್ಲಿ ಎಣಿಸಿ, “ಒಂದು ಪಂಕ್ತಿಗೆ ನೂರಾ ಎಂಬತ್ತೆಲೆ. ಮೂರು ಪಂಕ್ತಿಗೆ ಮುಗೀತದೆ” ಎಂದ. ಕೊನೆಗೆ ಒಂದು ಸಣ್ಣ ಕೋಣೆಗೆ ಹೋಗಿ ಬಾಗಿಲು ಹಾಕಿ, ತೆಗೆದು, ಮತ್ತೆ ಹಾಕಿ, ಹೊರಗಿನಿಂದ ಚಿಲಕವನ್ನು ಜಗ್ಗಿ ನೋಡಿದ. ಅದು ಉಗ್ರಾಣ. ಚಿಲಕ ಸಡಿಲವಾಗಿತ್ತು. “ಆಚಾರಿ ಕರೆಸಿ ಸರಿ ಮಾಡಿಸಿ, ಬೀಗ ನಾನೇ ತರ್ತೀನಿ” ಎಂದು ಮ್ಯಾನೇಜರಿಗೆ ಹೇಳಿ ಮುಂಗಡ ಕೊಟ್ಟ. ಮಂಟಪ ತೋರಿಸುವುದನ್ನು ಮರೆತೇಬಿಟ್ಟ.

ಮದುವೆ ಯಾರದೇ ಆಗಿರಲಿ, ಅದನ್ನು ನಡೆಸುವವನು ಉಗ್ರಾಣದ ಬೀಗದಕೈ ಇಟ್ಟುಕೊಂಡವನು. ಕಾಯಿ ಮೂಟೆ, ಸಕ್ಕರೆ, ತುಪ್ಪದ ಡಬ್ಬಿ, ವೀಳ್ಯದೆಲೆ ಕಟ್ಟು, ತಾಂಬೂಲದ ಚೀಲ, ಉಡುಗೊರೆಯ ಸೀರೆ ಪಂಚೆ ಎಲ್ಲವೂ ಅಲ್ಲಿ. ಬೆಳಗಿನ ಜಾವ ನಾಲ್ಕಕ್ಕೆ ಅಡಿಗೆಯವರು ಬಂದು ಇನ್ನೆರಡು ಕೆಜಿ ಗೋಡಂಬಿ ಕೇಳಿದರೆ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವನು ಅವನೇ. ಹಿಂದೆ ಪ್ರತಿ ಬಳಗದಲ್ಲೂ ಅಂಥವನೊಬ್ಬ ಇರುತ್ತಿದ್ದ. ಅವನು ಧಾರೆ ನೋಡಿದ್ದನ್ನು ಯಾರೂ ನೋಡಿಲ್ಲ, ಮದುವೆಯ ಆಲ್ಬಮ್ಮಿನಲ್ಲೂ ಅವನು ಸಿಗುವುದಿಲ್ಲ. ಎಲ್ಲರೂ ಉಂಡ ಮೇಲೆ ಅಡಿಗೆಯವರ ಪಂಕ್ತಿಯಲ್ಲಿ ಕೂತು ಮಜ್ಜಿಗೆ ಅನ್ನ ಕಲಸಿಕೊಳ್ಳುತ್ತಿದ್ದ.

ಈಗ ಬಹುಪಾಲು ಕೆಲಸ ಕಂಟ್ರಾಕ್ಟಿಗೆ ಹೋಗಿದೆ. ತಿಂಡಿಗೆ ಇಷ್ಟು, ಮಧ್ಯಾಹ್ನದ ಎಲೆಗೆ ಇಷ್ಟು, ಆರತಕ್ಷತೆಯ ಊಟಕ್ಕೆ ಇಷ್ಟು ಎಂದು ಮಾತಾಡಿಕೊಂಡರೆ ದಿನಸಿಯೂ ಅವರದ್ದೇ. ಇದನ್ನು ಕಂಡು ಹಳೆಯ ಮದುವೆಗಳನ್ನು ನೆನೆದು ಹಲುಬುವ ಗಂಡಸರನ್ನು ನಾನು ಬಹಳ ನೋಡಿದ್ದೇನೆ. ಅವರ್ಯಾರೂ ಒಲೆಯ ಮುಂದೆ ಕೂತವರಲ್ಲ. ನಾನು ಚಿಕ್ಕವಳಿದ್ದಾಗ ಮನೆಯಲ್ಲಿ ಮದುವೆ ಎಂದರೆ ಅಮ್ಮ, ಚಿಕ್ಕಮ್ಮ, ಅತ್ತೆಯರೆಲ್ಲ ವಾರದ ಮೊದಲೇ ಸೇರಿ ಹಪ್ಪಳ ಒತ್ತಿ, ಚಕ್ಕುಲಿ ಸುತ್ತಿ, ಕಾಯಿ ತುರಿದು ತುರಿದು, ಮುಹೂರ್ತದ ಹೊತ್ತಿಗೆ ಸೆರಗಿನಲ್ಲಿ ಬೆವರು ಒರೆಸಿಕೊಂಡು ಬಾಗಿಲಲ್ಲಿ ನಿಂತು ಒಂದು ಹಿಡಿ ಅಕ್ಷತೆ ಹಾಕಿ ಒಳಗೆ ಓಡುತ್ತಿದ್ದರು. ಕಂಟ್ರಾಕ್ಟರು ಬಂದು ಅವರನ್ನು ಬಿಡಿಸಿದ. ನನ್ನ ಮಗಳ ಧಾರೆಗೆ ಮನೆಯ ಹೆಂಗಸರೆಲ್ಲ ಮೊದಲ ಸಾಲಿನಲ್ಲಿ, ಮಡಿಕೆ ಮುರಿಯದ ಸೀರೆಯಲ್ಲಿ ಕೂತಿದ್ದರು. ಇದರಲ್ಲಿ ಹಲುಬಲು ನನಗೇನೂ ಕಾಣುವುದಿಲ್ಲ.

ಆದರೆ ಎಲೆ ಎಣಿಸುವುದನ್ನು ಕಂಟ್ರಾಕ್ಟಿಗೆ ಕೊಡಲಾಗದು. ನಮ್ಮಲ್ಲಿ ಎರಡನೇ ಪಂಕ್ತಿಯಲ್ಲಿ ಎಲೆ ಹಾಕಿ, ಉಪ್ಪು ಕೋಸಂಬರಿ ಬಡಿಸಿ ಆದ ಮೇಲೆ ಒಂದು ಮೂಲೆಯಲ್ಲಿ ಹದಿನೈದು ಎಲೆಗಳ ಮುಂದೆ ಯಾರೂ ಕೂರಲಿಲ್ಲ. ಹಾಕಿದ ಎಲೆ ಲೆಕ್ಕಕ್ಕೆ ಎಂದ ಕಂಟ್ರಾಕ್ಟರು. ಅನ್ನ ಬಿದ್ದ ಎಲೆ ಮಾತ್ರ ಎಂದ ನನ್ನ ತಮ್ಮ. ಇಬ್ಬರ ಕೈಯಲ್ಲೂ ಒಂದೊಂದು ಚೀಟಿ, ಇಬ್ಬರೂ ಹಳಬರು. ಸಂಜೆ ಕಾಫಿ ಹೊತ್ತಿಗೆ ಎಂಟು ಎಲೆಗೆ ಒಪ್ಪಂದವಾಯಿತು. ಇದು ದುಡ್ಡಿನ ಮಾತೇ ಆದರೂ ದೆಹಲಿಯಿಂದ ದುಡ್ಡು ಕಳಿಸುವವರಿಗೆ ಇದನ್ನು ಆಡಲು ಬಾಯಿ ಬರುವುದಿಲ್ಲ. ಆ ಕಂಟ್ರಾಕ್ಟರಿಗೆ ನಾಳೆ ಇನ್ನೊಂದು ಮದುವೆಯನ್ನು ಇದೇ ತಮ್ಮ ತೋರಿಸಬಲ್ಲ. ನಾವಾದರೋ ಒಂದೇ ಸಲದ ಗಿರಾಕಿಗಳು.

ಮಗಳ ಆಫೀಸಿನ ಗೆಳತಿಯರದ್ದು ಬೇರೆಯೇ ಕಥೆ. ಪಂಜಾಬಿ, ಗಢ್ವಾಲಿ ಹುಡುಗಿಯರು. ಅವರ ಕಡೆ ಮದುವೆ ಏರುವುದೇ ರಾತ್ರಿ ಹತ್ತರ ಮೇಲೆ. ಇಲ್ಲಿ ಬೆಳಗ್ಗೆ ಏಳೂವರೆಗೆ ಇಡ್ಲಿ ವಡೆ ಕೇಸರಿಬಾತು, ಒಂಬತ್ತೂವರೆಗೆ ಧಾರೆ ಎಂದಾಗ ಹಿಂದಿನ ರಾತ್ರಿಯ ಮೆಹೆಂದಿ ಒಣಗಿರಲಿಲ್ಲ. ಮೆಹೆಂದಿ, ಸಂಗೀತ್ ಎರಡೂ ಈಗ ಶಿವಮೊಗ್ಗದಲ್ಲೂ ನಡೆಯುತ್ತವೆ, ದೆಹಲಿಯಿಂದ ನಾವು ಹೊತ್ತು ತಂದದ್ದೆಂದು ಯಾರೂ ಮೂಗು ಮುರಿಯಲಿಲ್ಲ. ಚಿರೋಟಿಯ ಮೇಲೆ ಬಾದಾಮಿ ಹಾಲು ಸುರಿದಾಗ ಒಬ್ಬಳು ಅದನ್ನು ಕೈಯಲ್ಲಿ ತಿನ್ನುವುದು ಹೇಗೆಂದು ಅಕ್ಕಪಕ್ಕ ನೋಡಿದಳು. ಅದು ನಮಗೂ ಸರಿಯಾಗಿ ಬರುವುದಿಲ್ಲ.

ಲಗ್ನಪತ್ರಿಕೆಯ ವಿಚಾರ ಇಷ್ಟು ಸಲೀಸಾಗಿರಲಿಲ್ಲ. ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋಗಿ ಕರೆಯಬೇಕಾದ ಊರಿಗೆ ವಾಟ್ಸಾಪಿನಲ್ಲಿ ಪತ್ರಿಕೆ ಕಳಿಸಿದರೆ ನೋಡುತ್ತಾರೆ, ಕೈಮುಗಿಯುವ ಚಿತ್ರವನ್ನೂ ಕಳಿಸುತ್ತಾರೆ, ಬರುವುದಿಲ್ಲ. ಅಂಚೆಯಲ್ಲಿ ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ ಲಕೋಟೆ ಹೋದರೆ ಅರ್ಧ ಬೆಲೆ ಉಂಟು. ಹಳೆಯ ಕಾಲವನ್ನು ಇಲ್ಲಿಯೂ ಹೆಚ್ಚು ಹೊಗಳಬೇಕಾಗಿಲ್ಲ. ಮದುವೆಗೆ ಬರಲಾಗದವರು ತಂತಿ ಕಳಿಸುತ್ತಿದ್ದಾಗ ಶುಭಾಶಯದ ಒಕ್ಕಣೆಗಳಿಗೆ ಅಂಚೆ-ತಂತಿ ಇಲಾಖೆಯದೇ ನಂಬರುಗಳಿದ್ದವು, ನಂಬರು ಹೇಳಿ ದುಡ್ಡು ಕಟ್ಟಿದರೆ ಆಯಿತು. 2013ರ ಜುಲೈಯಲ್ಲಿ ತಂತಿ ನಿಂತುಹೋಯಿತು, ಸಿದ್ಧ ಒಕ್ಕಣೆ ಮೊಬೈಲಿಗೆ ಬಂತು. ಆದರೆ ಕರೆಯುವುದಕ್ಕೆ ಅಂಥ ನಂಬರು ಆಗಲೂ ಇರಲಿಲ್ಲ. ನಮ್ಮ ಪರವಾಗಿ ತಮ್ಮನೂ ಅವನ ಹೆಂಡತಿಯೂ ತೀರ್ಥಹಳ್ಳಿ, ಸಾಗರ, ಹೊಸನಗರ ಸುತ್ತಿದರು. ಹೋದಲ್ಲೆಲ್ಲ ಬಾಗಿಲಲ್ಲೇ ಒಂದು ಮಾತು, “ಅಕ್ಕ ಬರ್ಲಿಲ್ವಾ?” ಅದಕ್ಕೆ ಅವಳು ಕೊಟ್ಟ ಉತ್ತರ ನನಗೆ ಆಮೇಲೆ ತಿಳಿಯಿತು. ಮಗಳಿಗೆ ಬಳೆ ತೊಡಿಸುವ ದಿನ ಅಕ್ಕನೇ ಬಂದು ಎಲೆಯಡಿಕೆ ಕೊಟ್ಟು ಕರೀತಾಳೆ, ಈಗ ಇದನ್ನು ಇಟ್ಕೊಳಿ ಎಂದು ಎಲ್ಲ ಕಡೆ ಹೇಳಿಬಿಟ್ಟಿದ್ದಾಳೆ. ಊರಿಗೆ ಬಂದಿಳಿದ ಮರುದಿನವೇ ನಾನು ಮನೆಮನೆ ಸುತ್ತಬೇಕಾಯಿತು. ಒಳ್ಳೆಯದೇ ಆಯಿತು.

ಇಷ್ಟೆಲ್ಲ ಮಾಡಿದವರ ಹೆಸರು ಪತ್ರಿಕೆಯಲ್ಲಿ ಎಲ್ಲಿದೆ? ಸುಖಾಗಮನಾಭಿಲಾಷಿಗಳ ಪಟ್ಟಿಯಲ್ಲಿ, ಇರುವೆಯಂಥ ಅಕ್ಷರದಲ್ಲಿ, ‘ಶ್ರೀಮತಿ ಮತ್ತು ಶ್ರೀ’ ಎಂಬುದರ ಮುಂದೆ ಅವನೊಬ್ಬನದೇ ಹೆಸರು. ದಪ್ಪಕ್ಷರದಲ್ಲಿ ನಾವು. ಅಂದಹಾಗೆ, ಪತ್ರಿಕೆಯಲ್ಲಿ ವಧುವರರ ಹೆಸರನ್ನು ಆಧಾರಿನಲ್ಲಿರುವಂತೆಯೇ ಅಚ್ಚು ಹಾಕಿಸುವುದು ಒಳ್ಳೆಯದು. ಮದುವೆ ನೋಂದಣಿಗೆ ಹೋದಾಗ ಲಗ್ನಪತ್ರಿಕೆಯನ್ನೂ ದಾಖಲೆಯಾಗಿ ಕೇಳುತ್ತಾರೆ. ಮನೆಯಲ್ಲಿ ಕರೆಯುವ ಹೆಸರು ಹಾಕಿಸಿದರೆ, ನಾಲ್ಕೇ ದಿನ ರಜೆ ಹಾಕಿ ಬಂದ ಗಂಡು ಹೆಣ್ಣು ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಅಫಿಡವಿಟ್ ಹಿಡಿದು ನಿಲ್ಲಬೇಕಾದೀತು. 2024ರಿಂದ ಕರ್ನಾಟಕದಲ್ಲಿ ಆನ್‌ಲೈನಿನಲ್ಲೂ ಅರ್ಜಿ ಹಾಕಬಹುದು, ದೂರದವರಿಗೆ ಅದು ದೊಡ್ಡ ಅನುಕೂಲ.

ದೆಹಲಿ, ಪುಣೆ, ಅಮೆರಿಕ ಅಂತ ಹೊರಟು ಬಂದ ನಮ್ಮ ತಲೆಮಾರು ಊರಿನ ಮದುವೆಗಳಿಗೆ ಹೋದದ್ದು ಹೇಗೆ ಎಂಬುದೂ ಇಲ್ಲಿಯ ಮಾತೇ. ಬೆಂಗಳೂರಿನಿಂದ ರಾತ್ರಿ ಬಸ್ಸು, ಬೆಳಗ್ಗೆ ಧಾರೆ, ಊಟ, ಮುಯ್ಯಿ, ಸಂಜೆ ಮತ್ತೆ ಬಸ್ಸು. ರಜೆ ಇದ್ದದ್ದೇ ಅಷ್ಟು. ಬಡಿಸಲು ಸೊಂಟಕ್ಕೆ ಟವೆಲ್ ಕಟ್ಟಿದವರು, ಹಿಂದಿನ ರಾತ್ರಿ ಚಪ್ಪರಕ್ಕೆ ಮಾವಿನೆಲೆ ಕಟ್ಟಿದವರು ಊರಲ್ಲಿ ಉಳಿದವರು. ಅವರವರಲ್ಲಿ ಆ ಕೆಲಸದ ಲೇವಾದೇವಿ ನಡೆದಿರುತ್ತದೆ. ಇವತ್ತು ನಿಮ್ಮನೆಯಲ್ಲಿ ನಾನು, ನಾಳೆ ನಮ್ಮನೆಯಲ್ಲಿ ನೀವು. ಮುಯ್ಯಿಯ ಪುಸ್ತಕದಲ್ಲಿ ನಮ್ಮ ಹೆಸರಿನ ಮುಂದೆ ಒಳ್ಳೆಯ ಮೊತ್ತವೇ ಇರುತ್ತದೆ, ಆ ಇನ್ನೊಂದು ಲೆಕ್ಕದಲ್ಲಿ ಏನೂ ಇರುವುದಿಲ್ಲ. ತಮ್ಮನ ಓಡಾಟದ ಪೆಟ್ರೋಲಿಗೆ ದುಡ್ಡು ಕೊಡಹೋದರೆ ಅವನಿಗೆ ಅವಮಾನ, ಕೊಡದಿದ್ದರೆ ಅನ್ಯಾಯ. ಶಿವಮೊಗ್ಗದಲ್ಲೂ ಈಗ ಎಲ್ಲ ವಹಿಸಿಕೊಳ್ಳುವ ಇವೆಂಟಿನವರಿದ್ದಾರೆ. ಊರಲ್ಲಿ ಅಣ್ಣತಮ್ಮಂದಿರಿಲ್ಲದವರು ಅವರಿಗೆ ಒಪ್ಪಿಸುವುದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ. ಬಿಲ್ಲು ಬರುತ್ತದೆ, ಕಟ್ಟಿದರೆ ಋಣ ಮುಗಿಯುತ್ತದೆ. ತಮ್ಮನದು ಹಾಗೆ ಮುಗಿಯುವ ಬಾಬತ್ತಲ್ಲ.

ಧಾರೆಯ ಹೊತ್ತಿಗೆ ಹೆಣ್ಣನ್ನು ಮಂಟಪಕ್ಕೆ ಕರೆತರಬೇಕಾದ ಸೋದರಮಾವನೂ ಅವನೇ ತಾನೆ. ಅಂತರಪಟ ಹಿಡಿದಾಗಿತ್ತು, ಪುರೋಹಿತರು ಸೋದರಮಾವ ಎಲ್ಲಿ ಎಂದು ಎರಡು ಸಲ ಕೂಗಿದರು. ಅವನು ಊಟದ ಹಾಲಿನ ಕಡೆಯಿಂದ ಶಲ್ಯ ಸರಿಮಾಡಿಕೊಳ್ಳುತ್ತ ಓಡಿಬಂದ, ಮೊಣಕೈವರೆಗೂ ಒದ್ದೆ. ಸೊಂಟದಿಂದ ಬೀಗದಕೈ ತೆಗೆದು ಸುತ್ತ ನೋಡಿದ. ಮೊದಲ ಸಾಲಿನಲ್ಲಿ ಜರಿಪಂಚೆ ಉಟ್ಟು ಕೂತಿದ್ದ ನನ್ನ ಯಜಮಾನರ ಕೈಗೆ ಕೊಡಬಹುದಿತ್ತು, ಕನ್ಯಾದಾನ ಮಾಡುವವರ ಕೈಗೆ ಹೇಗೆ ಕೊಡುವುದೆಂದೋ ಏನೋ, ಹೆಂಡತಿಯ ಕೈಗೆ ಕೊಟ್ಟು ನನ್ನ ಮಗಳ ಕೈ ಹಿಡಿದುಕೊಂಡ.

ಬರುವ ಮಾಘದಲ್ಲಿ ಅವನ ಮಗಳ ಮದುವೆ. ರೈಲು ಟಿಕೆಟ್ ಇನ್ನೂ ತೆರೆದಿಲ್ಲ. ನಮ್ಮ ಯಜಮಾನರು ಈ ಸಲ ಹದಿನೈದು ದಿನ ಮೊದಲೇ ಬಂದು ಉಗ್ರಾಣ ನೋಡಿಕೊಳ್ಳುತ್ತೇನೆ ಎಂದು ಫೋನಿನಲ್ಲಿ ಹೇಳಿದರು. ತಮ್ಮ ಆ ಕಡೆಯಿಂದ ಸ್ವಲ್ಪ ಯೋಚಿಸಿ, “ಭಾವ, ನಿಮಗೆ ಊಟದಕ್ಕಿ ಯಾವುದು, ದೋಸೆ ಅಕ್ಕಿ ಯಾವುದು ಅಂತ ಗೊತ್ತಾಗಲ್ಲ. ಬ್ಯಾಂಕಲ್ಲಿ ಮೂವತ್ತು ವರ್ಷ ನೋಟು ಎಣಿಸಿದೀರಲ್ಲ, ಎಲೆ ಎಣಿಸೋಕೆ ಬನ್ನಿ” ಎಂದ.