ಕೆಡಿಸುವುದಕ್ಕೂ ಒಂದು ಕೊಠಡಿ

ಪ್ರೌಢಶಾಲೆಯೊಂದರಲ್ಲಿ ಮಕ್ಕಳು ಕೈಯಾರೆ ಮಾಡಿ ಕಲಿಯುವ ಕಾರ್ಯಾಗಾರ ತೆರೆಯುವ ಮಾತು ಬಂದಾಗ ಮೊದಲು ಸಿದ್ಧವಾಗುವುದು ಯಂತ್ರಗಳ ಪಟ್ಟಿ. ತ್ರೀಡಿ ಪ್ರಿಂಟರ್ ಯಾವ ಕಂಪನಿಯದು ಒಳ್ಳೆಯದು, ಡ್ರಿಲ್ಲಿಂಗ್ ಮಷೀನನ್ನು ಎಲ್ಲಿ ಕೂರಿಸೋಣ, ಹಳೆಯ ವೈರಿಂಗ್ ತಡೆಯುತ್ತದೆಯೇ, ಉದ್ಘಾಟನೆಗೆ ಯಾರನ್ನು ಕರೆಯೋಣ ಎಂಬ ಚರ್ಚೆಯಲ್ಲೇ ಒಂದೆರಡು ಸಭೆಗಳು ಮುಗಿದುಹೋಗುತ್ತವೆ. ಇವೆಲ್ಲ ಕೇಳಲೇಬೇಕಾದ ಪ್ರಶ್ನೆಗಳು, ಅನುಮಾನವಿಲ್ಲ. ನೀತಿ ಆಯೋಗದ ಅಟಲ್ ಇನ್ನೊವೇಶನ್ ಮಿಷನ್ 2016ರಲ್ಲಿ ಶುರುವಾದಾಗಿನಿಂದ ಆಯ್ಕೆಯಾದ ಶಾಲೆಗೆ ಟಿಂಕರಿಂಗ್ ಲ್ಯಾಬ್‌ಗಾಗಿ 20 ಲಕ್ಷ ರೂಪಾಯಿಯವರೆಗೆ ನೆರವು ದೊರೆಯುತ್ತಿದೆ. ಕರ್ನಾಟಕವೂ ಸೇರಿ ದೇಶದ ಸುಮಾರು 10,000 ಶಾಲೆಗಳಲ್ಲಿ ಇಂಥ ಕೊಠಡಿಗಳಿವೆ. ಸರ್ಕಾರಿ ಶಾಲೆಗಳಲ್ಲಿ ಐದು ವರ್ಷದೊಳಗೆ ಇನ್ನೂ 50,000 ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಹೇಳಿದೆ. ಹಣದ ದಾರಿ ಹೀಗೆ ಸಲೀಸಾಗುತ್ತಿರುವ ಹೊತ್ತಿನಲ್ಲಿ, ಆ ಕೊಠಡಿಯೊಳಗೆ ಕಾಲಿಡುವ ಮಗುವಿಗೆ ಸಾಮಾನು ಕೆಡಿಸುವ ಸ್ವಾತಂತ್ರ್ಯವಿದೆಯೇ, ಅಲ್ಲಿ ಕಲಿಸಲು ನಿಲ್ಲುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಎಂಟನೆಯ ತರಗತಿಯ ಹುಡುಗಿಯೊಬ್ಬಳು ಕಬ್ಬಿಣದ ಆ್ಯಂಗಲ್ ಪಟ್ಟಿಯನ್ನು ವೈಸ್‌ಗೆ ಬಿಗಿದು ಹ್ಯಾಕ್ಸಾದಿಂದ ಕೊಯ್ಯುತ್ತಿದ್ದಾಳೆ ಎಂದುಕೊಳ್ಳೋಣ. ಪಟ್ಟಿಯ ಉದ್ದ 60 ಸೆಂಟಿಮೀಟರ್. ಅವಳಿಗೆ ಬೇಕಾದದ್ದು 30ರ ಎರಡು ತುಂಡು. ನಟ್ಟನಡುವೆ ಗೆರೆ ಎಳೆದು, ಗೆರೆ ತಪ್ಪದಂತೆ ಉಸಿರು ಬಿಗಿಹಿಡಿದು ಕೊಯ್ದಳು. ಅಳೆದು ನೋಡಿದರೆ ಎರಡೂ ತುಂಡು ಒಂದಿಷ್ಟು ಕಡಿಮೆ. ಬ್ಲೇಡು ತಾನು ಹಾದುಹೋದ ದಾರಿಯಲ್ಲಿ ಒಂದು ಮಿಲಿಮೀಟರಿನಷ್ಟು ಲೋಹವನ್ನು ಪುಡಿ ಮಾಡಿ ನೆಲಕ್ಕೆ ಚೆಲ್ಲಿತ್ತು. ಲೆಕ್ಕದ ಪುಸ್ತಕದಲ್ಲಿ 60ರ ಅರ್ಧ 30, ಅಷ್ಟೇ; ಕಬ್ಬಿಣದಲ್ಲಿ ಕೊಯ್ಯುವ ಕೆಲಸಕ್ಕೂ ಒಂದು ಪಾಲು ಸಲ್ಲಬೇಕು. ಇದನ್ನು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಕೈಯಲ್ಲಿ ಹಿಡಿದ ಗಿಡ್ಡ ತುಂಡು ಬೈಯುವುದಿಲ್ಲ, ಸಮಾಧಾನವನ್ನೂ ಹೇಳುವುದಿಲ್ಲ. ಇದ್ದದ್ದನ್ನು ಇದ್ದಂತೆ ತೋರಿಸಿ ಸುಮ್ಮನಾಗುತ್ತದೆ.

ನಮ್ಮ ತರಗತಿಗಳಲ್ಲಿ ತಪ್ಪು ಬರುವುದು ಕೆಂಪು ಶಾಯಿಯಲ್ಲಿ, ಮಗುವಿನ ಹೆಸರಿನ ಮುಂದೆ. ಎಲ್ಲಿ ಎಡವಿದೆ ಎಂಬುದಕ್ಕಿಂತ ಎಷ್ಟು ಅಂಕ ಹೋಯಿತು ಎಂಬುದೇ ಅಲ್ಲಿ ದೊಡ್ಡದು. ಹಾಗಾಗಿ ಹತ್ತು ವರ್ಷ ಶಾಲೆಯಲ್ಲಿ ಕುಳಿತೆದ್ದ ಮಗು ತಪ್ಪನ್ನು ಮುಚ್ಚಿಡುವುದನ್ನು ಚೆನ್ನಾಗಿ ಕಲಿತಿರುತ್ತದೆ, ಅದನ್ನು ತಿರುಗಿಸಿ ಮುರುಗಿಸಿ ನೋಡುವುದನ್ನು ಕಲಿತಿರುವುದಿಲ್ಲ. ಕಾರ್ಯಾಗಾರದಲ್ಲಿ ತಪ್ಪು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಬಿದ್ದಿರುತ್ತದೆ. ಗೆಳತಿ ಅದನ್ನು ಎತ್ತಿ ನೋಡಬಹುದು, ಮೇಷ್ಟರು ಅಳೆಯಬಹುದು, ನಾಳೆ ಅದನ್ನೇ ಇನ್ನೊಂದು ಚಿಕ್ಕ ಕೆಲಸಕ್ಕೆ ಬಳಸಬಹುದು. ತನ್ನ ತಪ್ಪನ್ನು ನಾಚಿಕೆಯಿಲ್ಲದೆ ಎದುರಿಗಿಟ್ಟುಕೊಂಡು ಮಾತಾಡಬಲ್ಲ ಮನುಷ್ಯರು ನಮ್ಮ ಕಚೇರಿಗಳಲ್ಲಿ, ಮನೆಗಳಲ್ಲಿ ಎಷ್ಟು ಮಂದಿ ಇದ್ದಾರೆ? ಆ ಅಭ್ಯಾಸ ಹದಿಮೂರರ ಹರೆಯದಲ್ಲಿ ಬೀಳದಿದ್ದರೆ ಆಮೇಲೆ ಬೀಳುವುದು ಕಷ್ಟ.

ಆದರೆ ಕೆಡಿಸಲು ಬಿಡಬೇಕಲ್ಲ. ಎಷ್ಟೋ ಕಡೆ ಪ್ರಯೋಗಾಲಯದ ಬೀಗದ ಕೈ ಬೀರುವಿನೊಳಗೆ ಭದ್ರವಾಗಿರುತ್ತದೆ, ಉಪಕರಣಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇರುತ್ತದೆ, ಅಧಿಕಾರಿಗಳು ಬರುವ ದಿನ ಬಾಗಿಲು ತೆರೆಯುತ್ತದೆ. ಇದಕ್ಕೆ ಶಿಕ್ಷಕರ ಉದಾಸೀನವೇ ಕಾರಣ ಎನ್ನುವುದು ಅನ್ಯಾಯ. ಸ್ಟಾಕ್ ರಿಜಿಸ್ಟರಿನಲ್ಲಿ ಬರೆದ ಪ್ರತಿಯೊಂದು ಸಾಮಾನಿಗೂ ಅವರೇ ಉತ್ತರ ಕೊಡಬೇಕು. ಮುರಿದ ಡ್ರಿಲ್ ಬಿಟ್, ಸುಟ್ಟ ಮೋಟರು ಅಲ್ಲಿ ನಷ್ಟ ಎಂದೇ ದಾಖಲಾಗುತ್ತದೆ, ಒಂದು ಮಗು ಕಲಿತದ್ದಕ್ಕೆ ಅಲ್ಲಿ ಕಾಲಂ ಇಲ್ಲ. ಹೆದರಿದವರು ಹೆದರಿದ ಮಕ್ಕಳನ್ನೇ ತಯಾರು ಮಾಡುತ್ತಾರೆ. ಮೊದಲು ಧೈರ್ಯ ಕೊಡಬೇಕಾದದ್ದು ಶಿಕ್ಷಕರಿಗೆ.

ಅಂಥ ಧೈರ್ಯ ಕಂಡ ಒಂದು ಊರಿದೆ. ಪುಣೆ ಜಿಲ್ಲೆಯ ಪಾಬಳ್ ಮಳೆ ಕಡಿಮೆ ಬೀಳುವ ಊರು. ಅಮೆರಿಕದಲ್ಲಿ ಪಿಎಚ್.ಡಿ. ಮಾಡಿ, ಹಿಂದೂಸ್ತಾನ್ ಲಿವರ್‌ನ ಸಂಶೋಧನಾ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಡಾ. ಶ್ರೀನಾಥ ಕಲಬಾಗ್ ಅದನ್ನು ಬಿಟ್ಟು 1983ರಲ್ಲಿ ಆ ಊರಿಗೆ ಬಂದು ವಿಜ್ಞಾನ ಆಶ್ರಮ ಕಟ್ಟಿದರು. ಶಾಲೆ ಬಿಟ್ಟ ಹುಡುಗರಿಗೆ ಅಲ್ಲಿ ಕೆಲಸ ಮಾಡುತ್ತಲೇ ಕಲಿಯುವ ಅವಕಾಶ ಸಿಕ್ಕಿತು. ಹಳೆಯ ಜೀಪಿನ ಭಾಗಗಳಿಂದ ಸಣ್ಣ ಟ್ರ್ಯಾಕ್ಟರ್, ಗುಮ್ಮಟದಂಥ ಮನೆ, ನೀರಿನ ಸೆಲೆ ಹುಡುಕಲು ನೆಲದ ಪರೀಕ್ಷೆ: ಊರಿಗೆ ಏನು ಬೇಕೋ ಅದೇ ಪಾಠವಾಯಿತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಫ್ಯಾಬ್ ಲ್ಯಾಬ್ ಎಂಬ ಕಾರ್ಯಾಗಾರಗಳು ಆ ದೇಶದ ಹೊರಗೆ ಹುಟ್ಟಿಕೊಂಡಾಗ ಮೊದಲ ಕೆಲವುಗಳಲ್ಲಿ ಒಂದು, 2002ರಲ್ಲಿ, ಪಾಬಳ್‌ಗೇ ಬಂತು. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆಶ್ರಮ ಸುತ್ತಲಿನ ಪ್ರೌಢಶಾಲೆಗಳಿಗೆ ಒಯ್ದ ಪಠ್ಯಕ್ರಮ. 8ರಿಂದ 10ನೆಯ ತರಗತಿಯವರಿಗೆ ವಾರಕ್ಕೊಂದು ದಿನ ಬರೀ ಕೆಲಸ. ಎಂಜಿನಿಯರಿಂಗ್, ವಿದ್ಯುತ್ತು ಮತ್ತು ಪರಿಸರ, ಕೃಷಿ, ಮನೆ ಮತ್ತು ಆರೋಗ್ಯ ಎಂಬ ನಾಲ್ಕು ವಿಭಾಗಗಳನ್ನು ಹುಡುಗ ಹುಡುಗಿ ಎನ್ನದೆ ಎಲ್ಲರೂ ಸುತ್ತಿಬರಬೇಕು. ಕಲಿಸಲು ಬರುವವರು ಊರಿನ ಕಸುಬು ಬಲ್ಲವರೇ.

ಎಲ್ಲರೂ ಎಲ್ಲವನ್ನೂ ಮಾಡಬೇಕು ಎಂಬ ಈ ಮಾತಿನ ಮೇಲೆ ತುಸು ಹೊತ್ತು ನಿಲ್ಲಬೇಕು. ಕೈಕೆಲಸವನ್ನು ಶಾಲೆಗೆ ತರುವ ಯೋಚನೆ ನಮ್ಮಲ್ಲಿ ಹೊಸದಲ್ಲ. 1937ರಲ್ಲಿ ವರ್ಧಾದಲ್ಲಿ ಗಾಂಧೀಜಿ ಮೂಲಶಿಕ್ಷಣದ ಕಲ್ಪನೆಯನ್ನು ದೇಶದ ಮುಂದಿಟ್ಟರು; 1964–66ರ ಕೊಠಾರಿ ಆಯೋಗ ಕಾರ್ಯಾನುಭವ ಎಂದಿತು; 2020ರ ಶಿಕ್ಷಣ ನೀತಿ 6ರಿಂದ 8ನೆಯ ತರಗತಿಯವರಿಗೆ ಚೀಲವಿಲ್ಲದ 10 ದಿನಗಳನ್ನು ಸೂಚಿಸಿದೆ. ಪ್ರತಿ ಸಲವೂ ಉತ್ಸಾಹ ಮೇಲೆದ್ದು ಮತ್ತೆ ತಣ್ಣಗಾಯಿತು. ಪರೀಕ್ಷೆಯಲ್ಲಿ ಅದಕ್ಕೆ ಬೆಲೆಯಿಲ್ಲ ಎಂಬ ಕಾರಣ ಇದ್ದೇ ಇದೆ. ಅದರ ಕೆಳಗೆ ಇನ್ನೂ ಆಳದ ಕಾರಣವೊಂದಿದೆ, ಅದನ್ನು ನಾವು ಬಾಯಿಬಿಟ್ಟು ಹೇಳುವುದು ಕಡಿಮೆ.

1953ರಲ್ಲಿ ಮದರಾಸಿನಲ್ಲಿ ರಾಜಾಜಿಯವರ ಸರ್ಕಾರ ಪ್ರಾಥಮಿಕ ಶಾಲೆಯ ಸಮಯವನ್ನು ಕಡಿಮೆ ಮಾಡಿ, ಉಳಿದ ಹೊತ್ತು ಮಕ್ಕಳು ಮನೆಯವರ ಕಸುಬನ್ನು ಕಲಿಯಲಿ ಎಂದು ಯೋಜನೆ ತಂದಾಗ ಜನ ಸಿಡಿದೆದ್ದರು. ಮರುವರ್ಷವೇ ಅದನ್ನು ಕೈಬಿಡಬೇಕಾಯಿತು. ಆ ಸಿಟ್ಟು ನ್ಯಾಯವಾದದ್ದೇ ಆಗಿತ್ತು. ತಲೆಮಾರುಗಳಿಂದ ಕುಲದ ಕೆಲಸಕ್ಕೆ ಕಟ್ಟುಬಿದ್ದ ಮನೆಗಳಿಗೆ ಅಕ್ಷರ ಎಂದರೆ ಆ ಕಟ್ಟಿನಿಂದ ಹೊರಬರುವ ಬಾಗಿಲು. ಆ ಬಾಗಿಲಿನೊಳಗೂ ಅದೇ ಸುತ್ತಿಗೆ, ಅದೇ ಮಗ್ಗ ಎದುರಾದರೆ ಯಾವ ತಂದೆಯ ಎದೆ ನಡುಗದು? ಇಂದಿಗೂ ಕೂಲಿಯ ತಾಯಿಯೊಬ್ಬಳು ಶಾಲೆಗೆ ಬಂದು, ‘ನನ್ನ ಮಗನನ್ನು ಓದೋಕೆ ಕಳಿಸಿದ್ದು, ಕೆಲಸ ಮಾಡಿಸೋಕಲ್ಲ ಮೇಷ್ಟ್ರೇ’ ಎಂದರೆ ಆ ಮಾತಿಗೆ ತಲೆಬಾಗಬೇಕು. ಅವಳಿಗೆ ಕೊಡಬಹುದಾದ ಉತ್ತರ ಒಂದೇ: ನಿನ್ನ ಮಗ ಇಲ್ಲಿ ಮಲ್ಟಿಮೀಟರ್ ಹಿಡಿಯುತ್ತಾನೆ, ವಕೀಲರ ಮಗಳು ಅರ ಹಿಡಿದು ಕಬ್ಬಿಣ ಉಜ್ಜುತ್ತಾಳೆ, ಕೊನೆಗೆ ನೆಲ ಗುಡಿಸುವ ಸರದಿ ಇಬ್ಬರಿಗೂ ಬರುತ್ತದೆ. ಈ ಮಾತನ್ನು ಉಳಿಸಿಕೊಳ್ಳಲಾರದ ಕಾರ್ಯಾಗಾರ ಇಲ್ಲದಿರುವುದೇ ಒಳ್ಳೆಯದು. ಹುಡುಗಿಯರನ್ನು ಫೋಟೊಗೆ ನಿಲ್ಲಿಸಿ ಹುಡುಗರ ಕೈಗೆ ಯಂತ್ರ ಕೊಡುವ ಕೊಠಡಿಗೂ ಇದೇ ಮಾತು.

ಇನ್ನು ಕಲಿಸುವವರ ವಿಷಯ. ಯಾವ ತಾಲ್ಲೂಕು ಕೇಂದ್ರಕ್ಕೆ ಹೋದರೂ ಬಸ್‌ಸ್ಟ್ಯಾಂಡಿನ ಆಸುಪಾಸಿನಲ್ಲಿ ಗೇಟು, ಗ್ರಿಲ್ಲು ಮಾಡುವ ವೆಲ್ಡಿಂಗ್ ಶಾಪು ಸಿಕ್ಕೇ ಸಿಗುತ್ತದೆ. ಅಲ್ಲಿನ ಕೆಲಸಗಾರ ಒಂದು ಚೌಕಟ್ಟನ್ನು ಕೂಡಿಸುವುದನ್ನು ನಿಂತು ನೋಡಿ. ಎದುರುಬದುರಿನ ಬದಿಗಳು ಸಮವಿರುವಂತೆ ಕೊಯ್ದ ತುಂಡುಗಳನ್ನು ಜೋಡಿಸಿ ಅವನು ಮೊದಲು ಮೂಲೆಗಳಲ್ಲಿ ಸಣ್ಣ ಟ್ಯಾಕ್ ಹಾಕುತ್ತಾನೆ, ಪೂರ್ತಿ ವೆಲ್ಡ್ ಮಾಡುವುದಿಲ್ಲ. ಕಾದ ಲೋಹ ಆರುವಾಗ ಕುಗ್ಗಿ ಮೂಲೆಯನ್ನು ತನ್ನತ್ತ ಎಳೆದುಕೊಳ್ಳುತ್ತದೆ ಎಂಬುದು ಅವನಿಗೆ ಗೊತ್ತು. ಟೇಪು ತೆಗೆದು ಮೂಲೆಯಿಂದ ಮೂಲೆಗೆ ಒಮ್ಮೆ ಅಳೆಯುತ್ತಾನೆ, ಉಳಿದೆರಡು ಮೂಲೆಗಳ ನಡುವೆ ಇನ್ನೊಮ್ಮೆ. ಎರಡೂ ಸಮ ಬರುವವರೆಗೆ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಆಮೇಲಷ್ಟೇ ವೆಲ್ಡ್ ತುಂಬುತ್ತಾನೆ. ಕರ್ಣಗಳು ಸಮವಿರುವ ಸಮಾಂತರ ಚತುರ್ಭುಜ ಆಯತವೇ ಆಗಿರುತ್ತದೆ ಎಂಬ ಪ್ರಮೇಯವನ್ನು ಅದೇ ಊರಿನ ಪ್ರೌಢಶಾಲೆಯಲ್ಲಿ ಅಂಕಕ್ಕಾಗಿ ಉರುಹೊಡೆಯುತ್ತಿರುತ್ತಾರೆ. ಪ್ರಮೇಯ ಬಲ್ಲವರೂ ಕೆಲಸ ಬಲ್ಲವರೂ ಒಂದೇ ಊರಿನಲ್ಲಿದ್ದು ಒಬ್ಬರನ್ನೊಬ್ಬರು ಏನೂ ಕೇಳದೆ ಬದುಕಿಬಿಡುತ್ತಾರಲ್ಲ, ಈ ದೂರ ನನ್ನನ್ನು ತುಂಬ ಕಾಡುತ್ತದೆ.

ಆ ಕೆಲಸಗಾರ ಶಾಲೆಗೆ ಬಂದರೆ ಅವನು ಎಲ್ಲಿ ಕೂರುತ್ತಾನೆ? ಕಾರ್ಯಾಗಾರದ ನಿಜವಾದ ಪರೀಕ್ಷೆ ಇಲ್ಲಿದೆ. ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ದೋಣಿ ನಡೆಸುವ ಅಂಬಿಗರ ಚೌಡಯ್ಯ ಶರಣರ ನಡುವೆ ಸರಿಸಮನಾಗಿ ಕುಳಿತ ನಾಡು ಎಂದು ನಾವು ಹೆಮ್ಮೆ ಪಡುತ್ತೇವೆ. ಹಾಗಿದ್ದರೆ ಸ್ಟಾಫ್‌ರೂಮಿನಲ್ಲಿ ಒಂದು ಕುರ್ಚಿ, ಎಲ್ಲರಿಗೂ ಕೊಡುವ ಲೋಟದಲ್ಲೇ ಚಹಾ, ಮಕ್ಕಳ ಬಾಯಲ್ಲಿ ‘ಸರ್’ ಎಂಬ ಕರೆ, ತಿಂಗಳಿಗೆ ಸರಿಯಾಗಿ ಕೈಸೇರುವ ಸಂಬಳ ಆ ಕೆಲಸಗಾರರಿಗೆ ಸಲ್ಲಬೇಡವೇ? ಮಕ್ಕಳು ನಾವು ಹೇಳಿದ್ದನ್ನು ಮರೆತಾರು. ನಾವು ಯಾರನ್ನು ನಿಲ್ಲಿಸಿ ಮಾತಾಡಿಸಿದೆವು, ಯಾರನ್ನು ಕೂರಿಸಿ ಮಾತಾಡಿಸಿದೆವು ಎಂಬುದನ್ನು ಮರೆಯುವುದಿಲ್ಲ.

ಅಪಾಯದ ಭಯ ಸುಳ್ಳಲ್ಲ. ಕಿಡಿ ಹಾರುತ್ತದೆ, ಬೆರಳು ಕೊಯ್ಯುತ್ತದೆ. ಕನ್ನಡಕ, ಕೈಗವಸು, ಹತ್ತಿರದಲ್ಲೇ ನಿಂತಿರುವ ಹಿರಿಯರು ಇಲ್ಲದೆ ಒಂದು ದಿನವೂ ಆ ಬಾಗಿಲು ತೆರೆಯಕೂಡದು. ಆದರೂ ಆ ಎಚ್ಚರದಲ್ಲೇ ಒಂದು ಸಂಸ್ಕಾರವಿದೆ ಎಂದು ನನಗೆ ಅನಿಸುತ್ತದೆ. ವೆಲ್ಡಿಂಗ್ ಕಲಿಯುವ ಮಗು ರಾಡ್ ತಾಗಿಸುವ ಮುನ್ನ ಸುತ್ತ ನಿಂತವರಿಗೆ ‘ಕಣ್ಣು’ ಎಂದು ಕೂಗಿ ಹೇಳಬೇಕು, ಎಲ್ಲರೂ ಮುಖ ತಿರುಗಿಸುವವರೆಗೆ ಕಾಯಬೇಕು. ತನ್ನ ಕೈಯ ಕೆಲಸದ ಬೆಳಕು ಪಕ್ಕದವರ ಕಣ್ಣಿಗೆ ಹೊಡೆಯುತ್ತದೆ ಎಂಬ ಅರಿವು ದಿನವೂ ಹೀಗೆ ಅಭ್ಯಾಸವಾದ ಮಗು, ಮುಂದೆ ಎಂಜಿನಿಯರ್ ಆಗಲಿ ಆಗದಿರಲಿ, ಪಕ್ಕದವರನ್ನು ಮರೆತು ಬದುಕುವುದು ಅಷ್ಟು ಸುಲಭವಾಗದು.

ನಿಮ್ಮ ಊರಿನ ಪ್ರೌಢಶಾಲೆಗೆ ಈ ವರ್ಷ ಇಂಥದೊಂದು ಕೊಠಡಿ ಬರುವುದಾದರೆ, ನೀವು ಅಲ್ಲಿನ ಶಿಕ್ಷಕರೋ, ಶಾಲಾಭಿವೃದ್ಧಿ ಸಮಿತಿಯವರೋ, ಹಿಂದೊಮ್ಮೆ ಓದಿ ಹೋದವರೋ ಯಾರೇ ಆಗಿರಿ, ಖರ್ಚಿನ ಅಂದಾಜಿನಲ್ಲಿ ಎರಡು ಸಾಲು ಸೇರಿಸಲು ಒತ್ತಾಯಿಸಿ: ಮಕ್ಕಳು ಕೆಡಿಸುವ ಕಬ್ಬಿಣ, ಮರ, ತಂತಿಗೆ ತಿಂಗಳಿಗೆ ಇಷ್ಟು, ವಾರಕ್ಕೊಂದು ದಿನ ಬಂದು ಕಲಿಸುವ ಕಸುಬುದಾರರಿಗೆ ಇಷ್ಟು. ಆಮೇಲೆ ಆ ವೆಲ್ಡಿಂಗ್ ಶಾಪಿಗೆ ಆಳನ್ನು ಕಳಿಸಬೇಡಿ; ನೀವೇ ಹೋಗಿ, ಕೈಮುಗಿದು ಅವರನ್ನು ಕರೆದುಕೊಂಡು ಬನ್ನಿ.