ಇಂದಿನ ಧಮ್ಮ ಚಿಂತನೆ: ಮೂಡಣಕ್ಕೆ ಅವ್ವ, ಪಡುವಣಕ್ಕೆ ಸಂಗಾತಿ



ಭಾನುವಾರದ ಓದು ಮುಗಿದ ಮೇಲೆ ನಮ್ಮ ಬಳಗದ ಒಬ್ಬ ತಮ್ಮ ನನಗೆ ಬೇರೆಯಾಗಿ ಬರೆದಿದ್ದ. ಅವನ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇನೆ. ಅವನೂ ನನ್ನಂತೆ ಅಮೆರಿಕದಲ್ಲಿದ್ದಾನೆ. ಅವನ ಗ್ರೀನ್ ಕಾರ್ಡ್ ಬಂದಿದೆ, ಹೆಂಡತಿಯದು ಬಂದಿಲ್ಲ. ಇಬ್ಬರದೂ ಒಂದೇ ದಿನ ಹಾಕಿದ ಅರ್ಜಿ. ಊರಲ್ಲಿ ತಂಗಿಯ ಮದುವೆ. "ಅಕ್ಕಾ, ಅವಳನ್ನು ಇಲ್ಲೇ ಬಿಟ್ಟು ನಾನೊಬ್ಬನೇ ಹೋದರೆ ತಪ್ಪಾ? ಅವಳೇನೋ ಹೋಗು ಅಂತಾಳೆ. ನನಗೇ ಮನಸ್ಸು ಒಪ್ಪುತ್ತಿಲ್ಲ. ಧಮ್ಮ ಏನು ಹೇಳುತ್ತದೆ?"

ಊರಲ್ಲಿರುವ ಬಂಧುಗಳಿಗೆ ಇದು ಸಣ್ಣ ಮಾತು ಅನ್ನಿಸಬಹುದು. ಇಬ್ಬರೂ ಟಿಕೆಟ್ ತೆಗೆದು ಬಂದರೆ ಆಯಿತಲ್ಲ ಎಂದು ಕೇಳಬಹುದು. ಬರಲಾಗದು. ಕೆಲಸದ ವೀಸಾದಲ್ಲಿ ಇರುವವರ ಸಂಗಾತಿಗೆ ಎಚ್-4 ಎಂಬ ವೀಸಾ ಇರುತ್ತದೆ. ಕೆಲಸ ಮಾಡುವವರಿಗೆ ಗ್ರೀನ್ ಕಾರ್ಡ್ ಬಂದ ದಿನ ಅವರ ಹಳೆಯ ವೀಸಾ ಮುಗಿಯುತ್ತದೆ, ಅದನ್ನೇ ನೆಚ್ಚಿಕೊಂಡಿದ್ದ ಎಚ್-4 ಕೂಡ ಅದರ ಜೊತೆಗೆ ಮುಗಿಯುತ್ತದೆ. ಆಮೇಲೆ ಸಂಗಾತಿ ಅಲ್ಲಿ ಇರುವುದು ಬಾಕಿ ಇರುವ ಅರ್ಜಿಯ ಬಲದ ಮೇಲೆ ಮಾತ್ರ. ಇರಬಹುದು, ಹೊರಗೆ ಹೋಗುವಂತಿಲ್ಲ. ಅಡ್ವಾನ್ಸ್ ಪರೋಲ್ ಎಂಬ ಅನುಮತಿ ಪತ್ರ ಕೈಗೆ ಸಿಗುವ ಮೊದಲು ಗಡಿ ದಾಟಿದರೆ ಅರ್ಜಿಯನ್ನೇ ಕೈಬಿಟ್ಟಂತೆ ಎಂದು ಲೆಕ್ಕ. ಪರೋಲ್ ಎಂದರೆ ನಮ್ಮ ಕಡೆ ಜೈಲಿನವರಿಗೆ ಕೊಡುವ ರಜೆ. ಆ ಹೆಸರು ಯಾರು ಇಟ್ಟರೋ, ಒಳಗೆ ಕುಳಿತವರಿಗೆ ಸರಿಯಾಗಿಯೇ ಅನ್ವಯಿಸುತ್ತದೆ.

ಇಂಥ ಸಂಕಟ ಬಂದಾಗ ನಮ್ಮ ಮನೆಗಳಲ್ಲೇ ಹಿರಿಯರು ಒಂದು ಮಾತು ಆಡಿಬಿಡುತ್ತಾರೆ: "ಎಲ್ಲಾ ಹಿಂದಿನ ಜನ್ಮದ ಕರ್ಮ." ಬಾಬಾಸಾಹೇಬರು ಈ ಮಾತನ್ನು ಒಪ್ಪಲಿಲ್ಲ. 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಅವರು ಕೇಳುವುದು ಇಷ್ಟು: ಬಡವನ ಕಷ್ಟಕ್ಕೆ ಹಿಂದಿನ ಜನ್ಮವನ್ನು ಹೊಣೆ ಮಾಡಿದರೆ ಸರ್ಕಾರ, ಸಮಾಜ ಎರಡೂ ಕೈ ತೊಳೆದುಕೊಂಡು ಹೋಗುವುದಿಲ್ಲವೇ? ನಮ್ಮ ತಮ್ಮನ ಹೆಂಡತಿಯ ಕಾಗದ ತಡವಾಗುವುದಕ್ಕೂ ಕಾರಣವಿದೆ, ಅದು ಈ ಜನ್ಮದ್ದೇ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡಿಗೆ ಒಂದು ದೇಶದವರಿಗೆ ಇಷ್ಟೇ ಎಂದು ಸಾಮಾನ್ಯವಾಗಿ ಶೇಕಡಾ 7ರ ಮಿತಿ ಇದೆ. ಆ ಲೆಕ್ಕವನ್ನು ಪೌರತ್ವ ನೋಡಿ ಹಾಕುವುದಿಲ್ಲ, ಹುಟ್ಟಿದ ದೇಶ ನೋಡಿ ಹಾಕುತ್ತಾರೆ. ಹುಟ್ಟು ನೋಡಿ ಸಾಲಿನಲ್ಲಿ ನಿಲ್ಲಿಸುವುದು ನಮಗೇನು ಹೊಸದಲ್ಲ! ಆದರೆ ಮನುಷ್ಯರು ಕಟ್ಟಿದ್ದನ್ನು ಮನುಷ್ಯರೇ ಬದಲಿಸಬಲ್ಲರು. 1917ರ ಕಾನೂನು ನಮ್ಮವರು ಅಲ್ಲಿಗೆ ವಲಸೆ ಹೋಗುವುದನ್ನೇ ತಡೆದಿತ್ತು. 1923ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಭಾರತೀಯರಿಗೆ ಪೌರತ್ವ ಸಲ್ಲದು ಎಂದಿತು. 1946ರಲ್ಲಿ ವರ್ಷಕ್ಕೆ 100 ಜನಕ್ಕೆ ಬಾಗಿಲು ತೆರೆಯಿತು. 1965ರಲ್ಲಿ ಆ ಹಳೆಯ ಕೋಟಾ ಪದ್ಧತಿಯೇ ಹೋಯಿತು. ಕಾನೂನೂ ಅನಿತ್ಯ. ಆದ್ದರಿಂದ ಹಣೆಬರಹ ಎಂದು ಸುಮ್ಮನೆ ಕೂರುವುದು ಬೇಡ. ಅರ್ಜಿ, ವಿಚಾರಣೆ, ವಕೀಲರು, ಜನಪ್ರತಿನಿಧಿಯ ಕಚೇರಿಗೆ ಪತ್ರ, ಎಲ್ಲವನ್ನೂ ಮಾಡುತ್ತಲೇ ಇರಬೇಕು.

ಈಗ ಅವನ ಪ್ರಶ್ನೆಗೆ ಬರುತ್ತೇನೆ. ಒಬ್ಬರನ್ನು ಬಿಟ್ಟು ಒಬ್ಬರು ಹೋಗುವುದು ತಪ್ಪೇ?

ಸಿದ್ಧಾರ್ಥ ಗೌತಮರು ಮನೆ ಬಿಟ್ಟ ಕಥೆಯನ್ನು ನಾವು ಚಿಕ್ಕಂದಿನಲ್ಲಿ ಪಠ್ಯಪುಸ್ತಕದಲ್ಲಿ ಹೇಗೆ ಓದಿದ್ದೆವು? ನಡುರಾತ್ರಿ, ಹೆಂಡತಿ ಮಗು ಮಲಗಿದ್ದಾಗ, ಹೇಳದೆ ಕೇಳದೆ ಎದ್ದು ಹೋದರು ಎಂದು. ಬಾಬಾಸಾಹೇಬರು ಅದನ್ನು ಒಪ್ಪದೆ ಬೇರೆಯೇ ಬರೆದರು. ರೋಹಿಣಿ ನದಿಯ ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಜಗಳ. ಶಾಕ್ಯ ಸಂಘ ಯುದ್ಧಕ್ಕೆ ನಿರ್ಣಯ ಮಾಡಿತು, ಸಿದ್ಧಾರ್ಥರು ವಿರೋಧಿಸಿದರು. ಮನೆಯವರಿಗೆ ಬಹಿಷ್ಕಾರ, ಆಸ್ತಿ ಮುಟ್ಟುಗೋಲು ಎಂಬ ಬೆದರಿಕೆ ಬಂದಾಗ, ಶಿಕ್ಷೆ ತನಗೊಬ್ಬನಿಗೇ ಇರಲಿ ಎಂದು ಪರಿವ್ರಾಜಕರಾಗಿ ದೇಶ ಬಿಡಲು ಒಪ್ಪಿದರು. ಆಮೇಲೆ ತಂದೆ ತಾಯಿಗೆ ಹೇಳಿದರು. ಕೊನೆಗೆ ಯಶೋಧರೆಯ ಮುಂದೆ ಬಂದು, ಮಾತು ಹೊರಡದೆ ನಿಂತರು. ಅವಳೇ ಮಾತು ತೆಗೆದಳು. ನಿಮ್ಮ ನಿರ್ಧಾರ ಸರಿ, ರಾಹುಲ ಇಲ್ಲದಿದ್ದರೆ ನಾನೂ ಬರುತ್ತಿದ್ದೆ, ಅತ್ತೆ ಮಾವ ಮಗುವಿನ ಚಿಂತೆ ಬೇಡ, ನಾನು ನೋಡಿಕೊಳ್ಳುತ್ತೇನೆ ಎಂಬ ಅರ್ಥದ ಮಾತು ಅವಳದು.

ಗಮನಿಸಿ. ಹೊರಟವರನ್ನು ದೊಡ್ಡವರನ್ನಾಗಿ ಮಾಡಿದ್ದು ಉಳಿದವಳ ಒಪ್ಪಿಗೆ. ಬಾಬಾಸಾಹೇಬರಿಗೆ ಇದು ಬರೀ ಪುಸ್ತಕದ ಮಾತಾಗಿರಲಿಲ್ಲ. 1913ರಿಂದ 1917, ಮತ್ತೆ 1920ರಿಂದ 1923, ಅವರು ಕೊಲಂಬಿಯಾದಲ್ಲೂ ಲಂಡನ್ನಿನಲ್ಲೂ ಓದುತ್ತಿದ್ದಾಗ ಮುಂಬಯಿಯಲ್ಲಿ ಬಡತನದ ಸಂಸಾರ ಎಳೆದವರು ರಮಾಯಿ. ಪಾಕಿಸ್ತಾನದ ಪ್ರಶ್ನೆ ಕುರಿತ ತಮ್ಮ ಗ್ರಂಥವನ್ನು ಬಾಬಾಸಾಹೇಬರು ಆ ತಾಯಿಯ ನೆನಪಿಗೇ ಅರ್ಪಿಸಿದ್ದಾರೆ. ಯಶೋಧರೆಗೆ ಮಾತು ಕೊಟ್ಟು ಬರೆಯುವಾಗ ಅವರ ಕಣ್ಣ ಮುಂದೆ ರಮಾಯಿ ಇದ್ದಿರಬೇಕು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಇದು ನನ್ನ ಅನಿಸಿಕೆ ಅಷ್ಟೇ.

ನಮ್ಮ ಮನೆಯಲ್ಲಿ ನಡೆದದ್ದು ಇದರ ತಿರುಗುಮುರುಗು. ಕೆಲಸ ನನ್ನದು, ಗ್ರೀನ್ ಕಾರ್ಡ್ ಮೊದಲು ನನಗೆ ಬಂತು, ನಮ್ಮ ಯಜಮಾನರದು ನಿಂತಿತು. ಅದೇ ಹೊತ್ತಿಗೆ ಕಲಬುರಗಿಯಲ್ಲಿ ಅವರ ಅವ್ವನಿಗೆ ಲಕ್ವಾ ಹೊಡೆಯಿತು. ಆಸ್ಪತ್ರೆಯ ಪತ್ರ ಇಟ್ಟು ತುರ್ತು ಅನುಮತಿ ಕೇಳುವ ದಾರಿ ಇದೆ, ಕೇಳಿದೆವು. ಉತ್ತರಕ್ಕೆ ಕಾಯುತ್ತ ಕೂತಾಗ ಅವರೇ ಅಂದರು: "ನೀ ಹೋಗು. ಇಬ್ಬರೂ ಇಲ್ಲೇ ಕೂತರ ಅವ್ವನ ಹತ್ರ ಯಾರಿಲ್ಲದಂಗ ಆಗ್ತದ."

ಆ ರಾತ್ರಿ ನಾವು ಮಾಡಿದ್ದು ಅಂಗುತ್ತರ ನಿಕಾಯದ ನಕುಲಮಾತೆಯನ್ನು ನೆನೆದು. ನಕುಲಪಿತ ಕಾಯಿಲೆ ಬಿದ್ದು ಸಾಯುವ ಹಾಗಾದಾಗ ಅವಳು ಪಕ್ಕದಲ್ಲಿ ಕೂತು ಹೇಳುವುದು, ಕಳವಳ ಹೊತ್ತುಕೊಂಡು ಹೋಗಬೇಡಿ ಎಂದು. ಎಲ್ಲಾ ಒಳ್ಳೇದಾಗ್ತದೆ ಎಂಬ ಬಾಯುಪಚಾರದ ಮಾತು ಅವಳದಲ್ಲ. ಗಂಡನ ಮನಸ್ಸಿನಲ್ಲಿರುವ ಒಂದೊಂದು ಚಿಂತೆಯನ್ನೂ ಅವಳೇ ಹೆಸರು ಹಿಡಿದು ಎತ್ತುತ್ತಾಳೆ. ಮಕ್ಕಳನ್ನು ಹೇಗೆ ಸಾಕುತ್ತಾಳೆ ಅಂತಲೇ? ನನಗೆ ಹತ್ತಿ ನೂಲಲು ಬರುತ್ತದೆ, ಉಣ್ಣೆ ಹಿಂಜಲು ಬರುತ್ತದೆ. ಇನ್ನೊಬ್ಬನ ಮನೆ ಸೇರುತ್ತಾಳೆ ಅಂತಲೇ? ಇಲ್ಲ. ಬುದ್ಧರ ದರ್ಶನ, ಶೀಲ, ಸಮಾಧಿ ಬಿಟ್ಟುಬಿಡುತ್ತಾಳೆ ಅಂತಲೇ? ಅದೂ ಇಲ್ಲ. ಕೇಳುತ್ತ ಕೇಳುತ್ತ ಅವನ ಕಾಯಿಲೆ ಇಳಿಯಿತು ಎನ್ನುತ್ತದೆ ಸುತ್ತ. ಆಮೇಲೆ ಕೋಲೂರಿಕೊಂಡು ಬುದ್ಧರ ಬಳಿ ಹೋದಾಗ, ಇಂಥ ಹೆಂಡತಿ ಸಿಕ್ಕಿದ್ದು ನಿನ್ನ ಲಾಭ ಎಂದು ಅವರು ಹೇಳುತ್ತಾರೆ.

ನಾವೂ ಹಾಗೇ ಎಣಿಸಿದೆವು. ಮಗಳ ಶಾಲೆ ಬಸ್ಸು. ಮನೆ ಬಾಡಿಗೆ. ಟಪಾಲು ಡಬ್ಬಿಯನ್ನು ದಿನಾ ನೋಡುವುದು, ಯಾಕೆಂದರೆ ಬೆರಳಚ್ಚಿಗೆ ಕರೆದ ದಿನ ಹೋಗದಿದ್ದರೆ ಅರ್ಜಿಯೇ ಬಿದ್ದುಹೋಗಬಹುದು. ಊರಲ್ಲಿ ಆಸ್ಪತ್ರೆಯ ಖರ್ಚು ಅವರ ತಮ್ಮನೂ ನಾವೂ ಎಷ್ಟೆಷ್ಟು. ಕೊನೆಗೆ ಉಳಿದದ್ದು ಒಂದೇ, ಅದನ್ನು ಎತ್ತಲು ನನಗೆ ಬಾಯಿ ಬರಲಿಲ್ಲ. ಅವರೇ ಎತ್ತಿದರು. "ಅವ್ವ ಹೋದ್ರ ನೀನ ಮಣ್ಣು ಕೊಡು. ನನ್ನ ಸಲುವಾಗಿ ಕಾಯಬ್ಯಾಡ್ರಿ."

ನಾನು ಊರು ಮುಟ್ಟಿದ ಹನ್ನೊಂದನೇ ದಿನ ಅತ್ತಿ ಹೋದರು. ಮನೆ ಮುಂದೆ ಜನ ಸೇರಿದಾಗ ಒಬ್ಬ ಕಾಕಾ ಎದ್ದು, "ಹಿರೇಮಗ ಇಲ್ಲದ ಮಣ್ಣು ಹ್ಯಾಂಗ ಕೊಡ್ತೀರಿ? ಸೊಸಿ ಕೈಯಾಗ ಎಲ್ಲಿಂದಾದ್ರೂ ಆಗ್ತದೇನು?" ಅಂದರು. ಬುದ್ಧ ಪೂರ್ಣಿಮೆಗೆ ಬಿಳಿ ಸೀರೆ, ಬಿಳಿ ಅಂಗಿ ತೊಡುವ ಮನೆಗಳಲ್ಲೂ ಸಾವಿನ ದಿನ ಹಳೆಯದು ಎದ್ದು ಬರುತ್ತದೆ. ವಿಹಾರದಿಂದ ಬಂದಿದ್ದ ಹಿರಿಯ ಉಪಾಸಕರು ಜಗಳ ಮಾಡಲಿಲ್ಲ. "ಕಾಕಾ, 22 ಪ್ರತಿಜ್ಞೆ ತಗೊಂಡವ್ರು ನಾವು. ಶ್ರಾದ್ಧ ಇಲ್ಲ, ಪಿಂಡ ಇಲ್ಲ. ಪಿಂಡನ ಇಲ್ಲ ಅಂದಮ್ಯಾಲ ಪಿಂಡ ಇಡಾಕ ಮಗನ ಬೇಕಂತ ಎಲ್ಲೈತಿ?" ಅಂದರು. ಕಾಕಾ ಸುಮ್ಮನಾದರು, ಒಪ್ಪಿದರೋ ಇಲ್ಲವೋ ಗೊತ್ತಿಲ್ಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಆ ಪ್ರತಿಜ್ಞೆಗಳನ್ನು ಕೊಡದೆ ಇದ್ದಿದ್ದರೆ, ಸಾಗರದಾಚೆ ಸಿಕ್ಕಿಕೊಂಡ ಒಬ್ಬ ಮಗ ತನ್ನ ತಾಯಿಗೆ ಗತಿ ಕಾಣಿಸಲಿಲ್ಲ ಎಂಬ ಹೊರೆ ಹೊತ್ತು ಸಾಯುವತನಕ ಬದುಕಬೇಕಿತ್ತು. ನಮ್ಮ ಧಮ್ಮ ಎಷ್ಟು ದೊಡ್ಡ ಗಂಟನ್ನು ಬಿಚ್ಚಿದೆ ಎಂಬುದು ನನಗೆ ಅಂದು ಅರ್ಥವಾಯಿತು.

ಬೆಳಗಿನ ಹನ್ನೊಂದಕ್ಕೆ ತ್ರಿಸರಣ, ಪಂಚಶೀಲ. ಅಲ್ಲಿ ರಾತ್ರಿ ಒಂದೂವರೆ. ಫೋನ್ ಸ್ಪೀಕರಿಗೆ ಹಾಕಿದ್ದೆ. ನಾವು ಹೇಳಿದ ಎರಡು ಪದ ಆದ ಮೇಲೆ ಅವರ ದನಿ ಹಿಂದಿನಿಂದ ಬರುತ್ತಿತ್ತು. ನಾನು ಮಣ್ಣು ಕೊಟ್ಟೆ.

ಇಲ್ಲಿಗೆ ನಿಲ್ಲಿಸಿದರೆ ಸುಳ್ಳಾಗುತ್ತದೆ. ಒಪ್ಪಿಗೆ ಕೊಟ್ಟವರಿಗೆ ನೋವಿರುವುದಿಲ್ಲ ಎಂದು ಯಾರೂ ತಿಳಿಯಬಾರದು. ನಾನು ಮರಳಿ ಬಂದ ಮೇಲೆ ಒಂದು ತಿಂಗಳು ಅವರು ಹೆಚ್ಚು ಮಾತಾಡಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಅಂದರು: "ನನಗ ನಿನ್ನ ಮ್ಯಾಲ ಹೊಟ್ಟಿಕಿಚ್ಚು ಅದ. ನನ್ನ ಅವ್ವನ ಕಡೀ ಮಾತು ನಿನ್ನ ಕಿವಿಗೆ ಬಿತ್ತು." ಮುದಿತಾ ಎಂದು ನಾವು ಹಗುರವಾಗಿ ಬಾಯಿಪಾಠ ಒಪ್ಪಿಸುತ್ತೇವೆ. ಇನ್ನೊಬ್ಬರಿಗೆ ಸಿಕ್ಕಿದ್ದಕ್ಕೆ ಸಂತೋಷ ಪಡುವುದು, ಸಿಕ್ಕಿದ್ದು ನಿನ್ನದೇ ತಾಯಿಯ ಕೊನೆಯ ದಿನಗಳಾಗಿದ್ದಾಗ ಎಷ್ಟು ಕಷ್ಟ! ಅವರು ಅದನ್ನು ಮುಚ್ಚಿಡದೆ ಹೇಳಿದ್ದೇ ಸಮ್ಯಕ್ ವಾಚಾ ಎಂದು ನಾನು ತಿಳಿಯುತ್ತೇನೆ. ಆಮೇಲೆ ದಿನಾ ಸಂಜೆ ಒಂದೊಂದೇ ಹೇಳತೊಡಗಿದೆ. ಅತ್ತಿ ಏನು ಕೇಳಿದರು, ಯಾರ ಹೆಸರು ಕರೆದರು, ಯಾರು ಬಂದರು. ನನ್ನ ಜ್ವಾಳದ ರೊಟ್ಟಿ ದಪ್ಪಾಗ್ಯಾವ ಎಂದು ಅರ್ಧ ಬಾಯಲ್ಲೇ ಬೈದದ್ದನ್ನೂ ಹೇಳಿದೆ. ಅವರು ನಕ್ಕರು. ಕಲಬುರಗಿಯಿಂದ ನಾನು ತಂದ ಸಾಮಾನಿನಲ್ಲಿ ಅವರಿಗೆ ಸೇರಬೇಕಾಗಿದ್ದದ್ದು ಅದೇ ಆಗಿತ್ತು.

ಸಿಗಾಲೋವಾದ ಸುತ್ತ ನಿಮಗೆಲ್ಲ ಗೊತ್ತು. ರಾಜಗೃಹದಲ್ಲಿ ಸಿಗಾಲನೆಂಬ ಹುಡುಗ ಒದ್ದೆ ಬಟ್ಟೆಯಲ್ಲಿ ಆರು ದಿಕ್ಕಿಗೆ ಕೈ ಮುಗಿಯುತ್ತಿದ್ದ. ಬುದ್ಧರು, ದಿಕ್ಕು ಎಂದರೆ ಮನುಷ್ಯರಪ್ಪಾ ಎಂದು ತಿಳಿಸಿ ಹೇಳಿದರು. ಪೂರ್ವ ದಿಕ್ಕು ತಂದೆ ತಾಯಿ. ಪಶ್ಚಿಮ ದಿಕ್ಕು ಹೆಂಡತಿ ಮಕ್ಕಳು. ಅಮೆರಿಕಕ್ಕೆ ಹೋದ ನಮ್ಮವರಿಗೆ ಇದು ಅಕ್ಷರಶಃ ನಿಜವಾಗಿದೆ ನೋಡಿ. ಹಡೆದವರು ಮೂಡಣದಲ್ಲಿ, ಸಂಸಾರ ಪಡುವಣದಲ್ಲಿ. ಒಂದು ದಿಕ್ಕಿಗೆ ಮುಖ ಮಾಡಿದರೆ ಇನ್ನೊಂದಕ್ಕೆ ಬೆನ್ನಾಗುತ್ತದೆ. ಆದರೆ ಬುದ್ಧರು ಒಂದೇ ದಿಕ್ಕು ಹಿಡಿ ಎನ್ನಲಿಲ್ಲ, ಒಂದೊಂದಕ್ಕೂ ಮಾಡಬೇಕಾದ್ದನ್ನು ಹೇಳಿದರು. ಗಂಡ ಹೆಂಡತಿಗೆ ಸಲ್ಲಿಸಬೇಕಾದ ಐದರಲ್ಲಿ ನಾವು ಹೆಚ್ಚು ಮಾತಾಡದ ಒಂದಿದೆ, ಅಧಿಕಾರವನ್ನು ಅವಳಿಗೆ ಒಪ್ಪಿಸುವುದು. ಮನೆಯ ಬೀಗದ ಕೈ ಕೊಟ್ಟರೆ ಮುಗಿಯಿತು ಎಂದು ಇದನ್ನು ಸಣ್ಣದು ಮಾಡಬಾರದು. ಇಂಥ ಪ್ರಯಾಣದಲ್ಲಿ ಹೋಗುವ ತೀರ್ಮಾನದ ಅರ್ಧ ಅಧಿಕಾರ ಉಳಿಯುವವರದು.

ಆದ್ದರಿಂದ ತಮ್ಮಾ, ಹೋಗು. ಆದರೆ ಅವಳು "ಹೋಗು" ಅಂದಳು ಎಂಬ ಒಂದೇ ಮಾತು ಹಿಡಿದುಕೊಂಡು ಓಡಬೇಡ. ಹೆಣ್ಣುಮಕ್ಕಳು ಆ ಮಾತನ್ನು ಎಷ್ಟೋ ಸಲ ಬೇರೆ ದಾರಿ ಇಲ್ಲದೆ ಆಡಿರುತ್ತಾರೆ. ಕೂತು ಎಣಿಸಿ, ಅವಳ ಚಿಂತೆಗಳನ್ನು ನೀನೇ ಎತ್ತು. ಅವಳೊಬ್ಬಳೇ ಇರುವಾಗ ಕಚೇರಿಯಿಂದ ಪತ್ರ ಬಂದರೆ ಯಾರಿಗೆ ಫೋನ್ ಮಾಡಬೇಕು, ಕಾಯಿಲೆ ಬಿದ್ದರೆ ಯಾರು ಬರುತ್ತಾರೆ, ಬರೆದಿಡಿ. ಎಷ್ಟು ದಿನಕ್ಕೆ ಮರಳುತ್ತೀ ಎಂಬುದನ್ನು ಅವಳು ಹೇಳಲಿ. ಇನ್ನೊಂದು ಮಾತು: ಮದುವೆ ಮನೆಯಿಂದ ಗಂಟೆಗೊಮ್ಮೆ ವಿಡಿಯೋ ಕಾಲ್ ಮಾಡಿ ಅರಿಸಿನ, ಊಟ, ಮೆರವಣಿಗೆ ತೋರಿಸುವುದು ಪ್ರೀತಿಯೆಂದು ನಿನಗೆ ಅನ್ನಿಸಬಹುದು, ಅವಳಿಗೆ ಗಾಯದ ಮೇಲೆ ಬರೆ ಎಳೆದಂತೆ ಆಗಬಹುದು. ಏನು ನೋಡಲು ಇಷ್ಟ ಎಂದು ಮೊದಲೇ ಕೇಳಿಕೋ.

ನಿಮ್ಮ ಊರಿನಿಂದ ನಮ್ಮ ಮನೆಗೆ ಕಾರಿನಲ್ಲಿ ಎರಡು ಗಂಟೆಯ ದಾರಿ. ನೀನು ಹೋದ ಮೇಲೆ ಬರುವ ಶನಿವಾರ, ಭಾನುವಾರ ಅವಳು ನಮ್ಮಲ್ಲಿ ಬಂದಿರಲಿ, ಯಜಮಾನರೇ ಬಂದು ಕರೆದುಕೊಂಡು ಬರುತ್ತಾರೆ. ಅವರ ಕಾರ್ಡ್ ಹೋದ ವರ್ಷ ಬಂತು, ಹಾಗೆ ಕಾಯುತ್ತ ಕೂರುವುದು ಹೇಗಿರುತ್ತದೆ ಎಂದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು.

ನಾಳೆಯ ಓದು: ಸಿಗಾಲೋವಾದ ಸುತ್ತದ ಉಳಿದ ನಾಲ್ಕು ದಿಕ್ಕುಗಳು. ಗುರುಗಳಾದ ದಕ್ಷಿಣ ದಿಕ್ಕಿನಿಂದ ಶುರು ಮಾಡೋಣ.

ಸಾಧು, ಸಾಧು, ಸಾಧು.
ನಮೋ ಬುದ್ಧಾಯ. ಜೈ ಭೀಮ್.